ನೂರ ನಲವತ್ತಮೂರು ಗಂಟೆ, ಹನ್ನೆರಡು ನಿಮಿಷ

"ಕೈ ಬಿಡಬೇಡಿ."

"ಬಿಟ್ಟಿಲ್ಲ."

"ಉಸಿರು ಬಿಡಬಹುದು. ಅದಕ್ಕೇನೂ ಆಗಲ್ಲ."

ತಾನು ಇಷ್ಟು ಹೊತ್ತೂ ಉಸಿರು ಬಿಗಿಹಿಡಿದು ಕೂತಿದ್ದೇನೆ ಅಂತ ಅವಳಿಗೆ ಗೊತ್ತಾಗಿದ್ದೇ ಆಗ.

ಹೇಳಿಕೊಳ್ಳುವಂಥ ರಿಪೇರಿ ಅಂಗಡಿಯೇನಲ್ಲ ಅವನದು. ಒಂದು ಉದ್ದ ಮೇಜು, ಬಗ್ಗುವ ಕತ್ತಿನ ದೀಪ, ಗೋಡೆ ತುಂಬ ಹಳೇ ವಿಡಿಯೊ ಗೇಮ್ ಪೆಟ್ಟಿಗೆಗಳು. ಕಾರ್ಟ್ರಿಜ್ ತುರುಕಿ ಆಡುವ ಕಾಲದವು. ಮೇಜಿನ ಮೇಲೆ ಬೆಂಕಿಪೊಟ್ಟಣದಷ್ಟಿದ್ದ ಬೂದು ಬಣ್ಣದ ಒಂದು ಡಬ್ಬಿ ಬಾಯಿ ತೆರೆದುಕೊಂಡು ಮಲಗಿತ್ತು. ಅದರೊಳಗಿನ ಎರಡು ಚುಕ್ಕೆಗಳಿಗೆ ಎರಡು ವೈರು. ಒಂದು ವೈರಿನ ಕ್ಲಿಪ್ಪು ಸಡಿಲವಾಗಿದ್ದರಿಂದ ಅದನ್ನು ಒತ್ತಿ ಹಿಡಿಯುವ ಕೆಲಸ ಅವಳ ಪಾಲಿಗೆ ಬಂದಿತ್ತು.

ಅದು ಮೆಮೊರಿ ಪ್ಯಾಕ್. ಆ ಕಾಲದ ಕಾರ್ಟ್ರಿಜ್‌ಗಳಿಗೆ ನೆನಪಿನ ಶಕ್ತಿ ಕಡಿಮೆ. ಎಷ್ಟು ಆಡಿದರೂ ಸ್ವಿಚ್ ಆಫ್ ಮಾಡಿದರೆ ಮೊದಲಿನಿಂದ ಶುರು. ಅದಕ್ಕೇ ಕೈಯಲ್ಲಿ ಹಿಡಿಯುವ ಕಂಟ್ರೋಲರಿನ ಬೆನ್ನಿಗೆ ಈ ಡಬ್ಬಿ ಸಿಕ್ಕಿಸುತ್ತಿದ್ದರು. ಆಟ ಎಲ್ಲಿಗೆ ನಿಂತಿತು ಅನ್ನುವುದನ್ನು ಡಬ್ಬಿ ನೆನಪಿಟ್ಟುಕೊಳ್ಳುತ್ತದೆ. ಡಬ್ಬಿಯ ಜೀವ ಮಾತ್ರ ಒಂದು ಬಿಲ್ಲೆಯಂಥ ಬ್ಯಾಟರಿಯಲ್ಲಿ. ಬ್ಯಾಟರಿ ಸತ್ತರೆ ಎಲ್ಲಾ ಮರೆತುಹೋಗುತ್ತದೆ. ಹೊಸದು ಹಾಕಲು ಹಳೆಯದನ್ನು ತೆಗೆದರೂ ಅಷ್ಟೇ.

"ನಕಲು ತೆಗೆದಿಟ್ಟುಕೊಳ್ಳೋಕಾಗಲ್ವಾ?" ಅಂತ ಅವಳು ಬಂದ ಕೂಡಲೇ ಕೇಳಿದ್ದಳು.

"ಒಳ್ಳೆ ಕಂಪನಿದಾಗಿದ್ರೆ ಆಗ್ತಿತ್ತು. ಇದು ಅಪ್ಪ ಅಮ್ಮ ಇಲ್ಲದ ಮಾಲು. ನನ್ನ ಯಂತ್ರ ಇದನ್ನ ಮಾತೇ ಆಡಿಸಲ್ಲ. ಒಂದೇ ದಾರಿ. ಹೊರಗಿಂದ ಕರೆಂಟ್ ಕೊಡ್ತಾ ಬ್ಯಾಟರಿ ಬದಲಾಯಿಸೋದು. ಮಧ್ಯದಲ್ಲಿ ಒಂದು ಕ್ಷಣ ಕೈ ತಪ್ಪಿದ್ರೆ..."

ಆ ಮಾತನ್ನು ಅವನು ಮುಗಿಸಿರಲಿಲ್ಲ. ಅವಳೂ ಕೇಳಿರಲಿಲ್ಲ.

ಈಗ ಅವನ ಬೆಸುಗೆಯ ಕಾದ ಸೂಜಿ ಹಳೇ ಬ್ಯಾಟರಿಯನ್ನು ಎಬ್ಬಿಸಿ ಹೊಸದನ್ನು ಕೂರಿಸುತ್ತಿತ್ತು. ಅವನ ಮೂಗು ಡಬ್ಬಿಗೆ ತಾಗುವಷ್ಟು ಹತ್ತಿರ. ಅವನ ಕೂದಲು ಅವಳ ಹೆಬ್ಬೆರಳಿಗೆ ತಾಗುತ್ತಿತ್ತು. ಕೈ ಎಳೆದುಕೊಳ್ಳುವ ಹಾಗಿಲ್ಲ.

"ಆಯ್ತು. ಬಿಡಿ ಈಗ."

ಅವಳ ಬೆರಳು ಬಿಡಲು ಒಪ್ಪಲಿಲ್ಲ. ಅವನೇ ಮೆತ್ತಗೆ ಒಂದೊಂದಾಗಿ ಬಿಡಿಸಿದ.

ಕಂಟ್ರೋಲರಿಗೆ ಡಬ್ಬಿ ಸಿಕ್ಕಿಸಿ ಟಿವಿ ಹಾಕಿದಾಗ ಎರಡು ಸಾಲು ಬಂತು, ಇಬ್ಬರ ಆಟ ಉಳಿಸಿಡಲು ಎರಡು ಜಾಗ. ಒಂದನೇ ಜಾಗ: ದೊರೆ, ನೂರ ನಲವತ್ತಮೂರು ಗಂಟೆ ಹನ್ನೆರಡು ನಿಮಿಷ. ಎರಡನೇ ಜಾಗ: ಖಾಲಿ.

ಒಳಗೆ ಹೋದರೆ ಬೆಟ್ಟದ ಕಣಿವೆ. ಹಿಮ ಬೀಳುತ್ತಿತ್ತು. ಕೆಂಪು ಮೇಲಂಗಿಯ ಪುಟ್ಟ ಮನುಷ್ಯನೊಬ್ಬ ಕಲ್ಲಿನ ಬಾಗಿಲ ಮುಂದೆ ಕೈ ಕಟ್ಟಿಕೊಂಡು ನಿಂತಿದ್ದ.

"ಆಡಿ, ಪರೀಕ್ಷೆ ಮಾಡಿ," ಎಂದು ಅವನು ಕಂಟ್ರೋಲರ್ ಚಾಚಿದ.

ಅವಳು ಹಿಂದೆ ಸರಿದಳು. "ಇಲ್ಲ. ನೋಡೋದಷ್ಟೇ. ದೊರೆ ಅಂದ್ರೆ ನಮ್ಮಣ್ಣ. ಅವನು ನಿಲ್ಲಿಸಿ ಹೋದ ಜಾಗ ಅದು. ಮಾರನೇ ದಿನ ಆಸ್ಪತ್ರೆಗೆ ಸೇರಿದ. ಬಂದು ಮುಂದುವರಿಸ್ತೀನಿ, ಮುಟ್ಟಬೇಡ ಅಂದಿದ್ದ." ಪರದೆಯನ್ನೇ ನೋಡುತ್ತಾ ಹೇಳಿದಳು. "ಹನ್ನೊಂದು ವರ್ಷ ಆಯ್ತು."

ಅವನು ಕಂಟ್ರೋಲರನ್ನು ಮೇಜಿನ ಮೇಲೆ ಮಲಗಿಸಿದ, ನಿದ್ದೆಯಲ್ಲಿರುವ ಮಗುವನ್ನು ಮಲಗಿಸುವಂತೆ.

"ನಾಲ್ಕು ದಿನ ಇಲ್ಲಿರಲಿ. ಬೆಸುಗೆ ಗಟ್ಟಿ ಇದೆಯಾ ಅಂತ ದಿನಾ ಒಂದ್ಸಲ ನೋಡಬೇಕು. ನೋಡೋದಷ್ಟೇ. ಮಾತು ಕೊಡ್ತೀನಿ."

* * *

ಅವಳ ಕೆಲಸ ಎರಡು ಬೀದಿ ಆಚೆಯ ಕನ್ನಡಕದ ಅಂಗಡಿಯಲ್ಲಿ, ಗಾಜು ಉಜ್ಜುವುದು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಇನ್ನೊಬ್ಬರಿಗೆ ತಲೆನೋವು ಬರುವಂಥ ಕೆಲಸ. ಮಧ್ಯಾಹ್ನದ ಹೊತ್ತಿಗೆ ಊಟದ ಡಬ್ಬಿ ಹಿಡಿದು ರಿಪೇರಿಯವನ ಅಂಗಡಿಗೆ ಬರತೊಡಗಿದಳು. ಬಂದು ಟಿವಿ ಹಾಕಿ, ಗಂಟೆ ನಿಮಿಷ ನೋಡಿ, ಆಫ್ ಮಾಡಿ ಹೋಗುವುದು. ಅದಕ್ಕೆ ಒಂದು ನಿಮಿಷ ಸಾಕು. ಅವಳು ಮಾತ್ರ ಮುಕ್ಕಾಲು ಗಂಟೆ ಕೂರುತ್ತಿದ್ದಳು.

ಎರಡನೇ ದಿನ ಕೇಳಿಯೇಬಿಟ್ಟಳು. "ನೀವು ಆ ಸ್ಕ್ರೂಗೆ ಮುತ್ತು ಕೊಡ್ತಿದ್ದೀರಾ, ಬಿಚ್ತಿದ್ದೀರಾ?"

"ಹತ್ತಿರದಿಂದ ನೋಡಿದ್ರೆ ಚೆನ್ನಾಗಿ ಕಾಣುತ್ತೆ."

"ಗೋಡೆ ಮೇಲಿನ ಗಡಿಯಾರ ಎಷ್ಟು ತೋರಿಸ್ತಿದೆ ಹೇಳಿ."

ಅವನು ಕಣ್ಣು ಕಿರಿದು ಮಾಡಿದ. "ಅಲ್ಲೊಂದು ಗಡಿಯಾರ ಇರೋದು ನಿಜ."

"ಅಯ್ಯೋ ದೇವರೇ. ಈ ಕಣ್ಣಲ್ಲಿ ನಮ್ಮಣ್ಣನ ಜೀವಕ್ಕೆ ಬೆಸುಗೆ ಹಾಕಿದ್ರಾ?"

"ಅದಕ್ಕೇ ನಿಮ್ಮನ್ನ ಹಿಡ್ಕೊಳ್ಳಿ ಅಂದಿದ್ದು."

ಅವಳು ನಕ್ಕಳು. ನಕ್ಕಿದ್ದು ತನ್ನ ಕಿವಿಗೇ ಹೊಸದಾಗಿ ಕೇಳಿಸಿತು... ಮೂರನೇ ದಿನ ತನ್ನ ಅಂಗಡಿಯ ಅಕ್ಷರದ ಹಲಗೆಯನ್ನೇ ಹೊತ್ತು ತಂದು ಅವನ ಕಣ್ಣು ಪರೀಕ್ಷಿಸಿದಳು. ಅವನ ಮುಖವನ್ನು ಎರಡು ಕೈಯಲ್ಲಿ ಹಿಡಿದು ನೇರ ಮಾಡುವಾಗ ಇಬ್ಬರೂ ಮಾತು ಮರೆತರು. ಅಕ್ಷರದ ಹಲಗೆ ತನ್ನ ಪಾಡಿಗೆ ತಾನು ನಿಂತಿತ್ತು.

'ಇವನ ಹತ್ತಿರ ಇದ್ದರೆ ಅಣ್ಣನ ಮಾತು ಅಳದೆ ಆಡಬಹುದು,' ಅಂದುಕೊಂಡಳು ಮನೆಗೆ ಹೋಗುವ ದಾರಿಯಲ್ಲಿ.

ನಾಲ್ಕನೇ ದಿನ ಗಿರಾಕಿಗಳು ಜಾಸ್ತಿ ಇದ್ದು ಹೋಗಲಾಗಲಿಲ್ಲ. ಐದನೇ ದಿನ ಹೋದಾಗ ಅವನು ಅವಸರದಲ್ಲಿದ್ದವನಂತೆ ಡಬ್ಬಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟ. "ಮನೇಲಿ... ಅಮ್ಮನ ಜೊತೆ ಕೂತು ನೋಡಿ," ಅಂದ.

ಅಮ್ಮನಿಗೂ ಇದಕ್ಕೂ ಏನು ಸಂಬಂಧ? ಹನ್ನೊಂದು ವರ್ಷದಲ್ಲಿ ಅಮ್ಮ ಒಂದು ಸಲವೂ ಆ ಕೋಣೆಗೆ ಬಂದು ಪರದೆ ನೋಡಿದವಳಲ್ಲ. ಎಂದಿನಂತೆ ಬಾಗಿಲು ಮುಚ್ಚಿಕೊಂಡೇ ಅವಳು ಟಿವಿ ಹಾಕಿದಳು.

ದೊರೆ. ನೂರ ನಲವತ್ತಮೂರು ಗಂಟೆ, ಇಪ್ಪತ್ತಾರು ನಿಮಿಷ.

ಮತ್ತೊಮ್ಮೆ ಓದಿದಳು. ಇಪ್ಪತ್ತಾರು.

ಒಳಗೆ ಹಿಮ ಇರಲಿಲ್ಲ. ಕಲ್ಲಿನ ಬಾಗಿಲೂ ಇರಲಿಲ್ಲ. ಯಾವುದೋ ಮರದ ಮನೆ, ಒಲೆಯಲ್ಲಿ ಬೆಂಕಿ, ಹಾಸಿಗೆಯ ಮೇಲೆ ಕೆಂಪು ಮೇಲಂಗಿ...

ಚಪ್ಪಲಿ ಮೆಟ್ಟಿಕೊಂಡು ಅವನ ಅಂಗಡಿಗೆ ಓಡಿದಳು.

* * *

"ಹದಿನಾಲ್ಕು ನಿಮಿಷ ಯಾರು ಆಡಿದ್ದು?"

ಅವನು ಎದ್ದು ನಿಂತ.

"ನೋಡೋದಷ್ಟೇ ಅಂತ ಮಾತು ಕೊಟ್ಟಿದ್ರಿ. ನನ್ನ ಬೆರಳು ಮರಗಟ್ಟೋವರೆಗೂ ಹಿಡ್ಕೊಂಡು ಉಳಿಸಿದ್ದು ಅದು. ನಾನೇ ಹನ್ನೊಂದು ವರ್ಷದಲ್ಲಿ ಅವನನ್ನ ಒಂದು ಹೆಜ್ಜೆ ನಡೆಸಲಿಲ್ಲ. ಯಾರು ಆಡಿದ್ದು ಹೇಳಿ."

"ನನ್ನ ಮೇಜಿನ ಮೇಲೆ ಆಗಿದ್ದು. ತಪ್ಪು ನನ್ನದು."

"ವಾಪಸ್ ತರೋಕಾಗುತ್ತಾ?"

"...ಇಲ್ಲ."

'ಸುಳ್ಳಾದರೂ ಹೇಳಬಾರದಾ ಇವನು? ಕರೆಂಟ್ ಹೋಯಿತು, ಬೆಕ್ಕು ಹಾರಿತು, ಏನಾದರೂ...' ಅವಳು ಕಾದಳು. ಅವನು ತಲೆ ತಗ್ಗಿಸಿ ನಿಂತೇ ಇದ್ದ.

"ಕಣ್ಣು ಮಾತ್ರ ಮಂಜು ಅಂದುಕೊಂಡಿದ್ದೆ," ಎಂದಳು ಬಾಗಿಲಲ್ಲಿ ನಿಂತು. ಹೇಳಿ ಹೊರಟುಹೋದಳು. ಆ ಮಾತು ಅವನಿಗಿಂತ ಅವಳನ್ನೇ ಹೆಚ್ಚು ದಿನ ಚುಚ್ಚಿತು.

ಅವನಿಗಾಗಿ ಉಜ್ಜಿಟ್ಟಿದ್ದ ಎರಡು ಗಾಜು ಅವಳ ಮೇಜಿನ ಖಾನೆಯಲ್ಲೇ ಉಳಿದವು.

* * *

ಮೂರು ವಾರ ಕಳೆಯಿತು. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಇನ್ನೊಬ್ಬರ ಮಾತು ಜೋಡಿಸಿದವಳು. ಯಾರ ತಂತಿ ಕಡಿದಿದೆ ಅಂತ ಅವಳಿಗೆ ಬೇಗ ತಿಳಿಯುತ್ತದೆ.

ಭಾನುವಾರ ಬೆಳಿಗ್ಗೆ ಒಗೆದ ಬಟ್ಟೆ ಮಡಿಸುತ್ತಾ ಕೇಳಿದಳು. "ಬಾಲ, ಊಟದ ಡಬ್ಬಿ ಪೂರ್ತಿ ತುಂಬಿಯೇ ವಾಪಸ್ ಬರ್ತಿದೆ. ಆ ರಿಪೇರಿ ಹುಡುಗ ಏನಂದ?"

ಬಾಲ ಅನ್ನುವುದು ಅಣ್ಣ ಇಟ್ಟ ಹೆಸರು, ಸದಾ ಅವನ ಹಿಂದೆಯೇ ತಿರುಗುತ್ತಿದ್ದಳು ಅಂತ. ಆದರೆ ಅವಳು ಬೆಚ್ಚಿದ್ದು ಹೆಸರಿಗಲ್ಲ. "ರಿಪೇರಿಯವನು ನಿಂಗೆ ಹೇಗೆ ಗೊತ್ತು?"

ಅಮ್ಮ ದಿಂಬಿನ ಹೊದಿಕೆಯನ್ನು ನಾಲ್ಕು ಸಲ ಮಡಿಸಿದಳು. ಮತ್ತೆ ಬಿಚ್ಚಿದಳು.

"ಅವನು ಹೇಳಲಿಲ್ವಾ?"

"ಏನನ್ನ?"

"ಅವತ್ತು ನೀನು ಊಟದ ಡಬ್ಬಿ ಮನೇಲೇ ಬಿಟ್ಟು ಹೋಗಿದ್ದೆ. ದಿನಾ ಮಧ್ಯಾಹ್ನ ಎಲ್ಲಿ ಊಟ ಮಾಡ್ತೀಯ ಅಂತ ನಿಮ್ಮಂಗಡಿಯವರು ಮೊದಲೇ ನಕ್ಕೊಂಡು ಹೇಳಿದ್ರು, ನೇರ ಅಲ್ಲಿಗೇ ತಗೊಂಡು ಹೋದೆ. ನೀನು ಗಿರಾಕಿ ಜಾಸ್ತಿ ಅಂತ ಬಂದಿರಲಿಲ್ಲ. ಟಿವಿ ಹಾಕಿತ್ತು. ಹಿಮದಲ್ಲಿ ಯಾರೋ ನಿಂತಿದ್ದ. ಯಾರಪ್ಪ ಇದು ಅಂದೆ. ನಿಮ್ಮ ಮಗ ಆಡಿ ನಿಲ್ಲಿಸಿದ್ದು ಅಂದ."

ಅಮ್ಮನ ದನಿ ಸಣ್ಣದಾಯಿತು.

"ಬಾಗಿಲು ಮುಚ್ಚಿಕೊಂಡು ಏನು ನೋಡ್ತೀಯ ಅಂತ ಇಷ್ಟು ವರ್ಷ ಕೇಳೋಕೆ ಧೈರ್ಯ ಆಗಿರಲಿಲ್ಲ ನಂಗೆ. ಹನ್ನೊಂದು ವರ್ಷ ಅವನನ್ನ ಚಳೀಲಿ ನಿಲ್ಲಿಸಿಬಿಟ್ಟಿದ್ದೀವಲ್ಲೇ... ಈ ಆಟದಲ್ಲಿ ಇವನಿಗೊಂದು ಮನೆ ಇಲ್ವಾ ಅಂದೆ. ಬೆಟ್ಟದ ಕೆಳಗಿದೆ ಅಂದ. ನಾನೇ ನಡೆಸಿಕೊಂಡು ಹೋದೆ. ಮಲಗಿಸಿದೆ. ಮಲಗಿಸಿದ್ರೆ ಅದು ತಾನಾಗೇ ಬರೆದುಕೊಳ್ಳುತ್ತೆ ಅಂತ ಆಮೇಲೆ ತಿಳೀತು. ನೀನು ಬೈತೀಯ ಅಂತ ಭಯ. ಹೇಳಬೇಡಪ್ಪ, ನಾನೇ ಸಮಯ ನೋಡಿ ಹೇಳ್ತೀನಿ ಅಂದೆ. ದಿನಾ ಹೇಳಬೇಕು ಅಂತಲೇ..."

ಅವಳು ಅಮ್ಮನನ್ನೇ ನೋಡಿದಳು. ಅಣ್ಣನನ್ನು ಕಾದವಳು ತಾನೊಬ್ಬಳೇ ಅಂತ ಇಷ್ಟು ವರ್ಷ ಹೇಗೆ ಅಂದುಕೊಂಡಿದ್ದಳು? ಅಮ್ಮನ ಕೈಯಿಂದ ದಿಂಬಿನ ಹೊದಿಕೆ ತೆಗೆದಿಟ್ಟು ಆ ಕೈಗಳನ್ನೇ ಹಿಡಿದುಕೊಂಡಳು. ಇಬ್ಬರೂ ಬಹಳ ಹೊತ್ತು ಅತ್ತರು. ಆಮೇಲೆ ಒಟ್ಟಿಗೆ ಕೋಣೆಗೆ ಹೋಗಿ, ಬಾಗಿಲು ತೆರೆದಿಟ್ಟುಕೊಂಡು ಟಿವಿ ಹಾಕಿದರು. ಒಲೆ ಉರಿಯುತ್ತಿತ್ತು.

"ಚೆನ್ನಾಗಿ ನಿದ್ದೆ ಮಾಡ್ತಿದ್ದಾನೆ," ಅಂದಳು ಅಮ್ಮ.

* * *

ಮಾರನೇ ದಿನ ಮಧ್ಯಾಹ್ನ ರಿಪೇರಿಯವನ ಮುಂದೆ ಒಂದು ಕನ್ನಡಕ ಬಂದು ಕೂತಿತು. ಅವನು ತಲೆ ಎತ್ತಿದ.

"ಹಾಕಿಕೊಳ್ಳಿ."

ಹಾಕಿಕೊಂಡ. ಗಡಿಯಾರ ನೋಡಿದ, ಆಮೇಲೆ ಅವಳನ್ನು. ನೋಡುತ್ತಲೇ ಇದ್ದ.

"ಗಡಿಯಾರ ಎಷ್ಟು ತೋರಿಸ್ತಿದೆ?"

"ಅದನ್ನ ಆಮೇಲೆ ನೋಡ್ತೀನಿ."

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. "ಅಮ್ಮ ಹೇಳಿದಳು. ಅವತ್ತು ನನ್ನ ಕೈಲಿ ಅಷ್ಟು ಅನ್ನಿಸಿಕೊಂಡ್ರಲ್ಲ, ಒಂದು ಮಾತು ಹೇಳೋಕೇನಾಗಿತ್ತು?"

"ಅವರೇ ಹೇಳಬೇಕಾಗಿದ್ದ ಮಾತು ಅದು. ಮತ್ತೆ ತಪ್ಪೂ ನನ್ನದೇ. ಹಾಸಿಗೆಗೆ ಹೋದ್ರೆ ಹಳೇದು ಅಳಿಸಿಹೋಗುತ್ತೆ ಅಂತ ನಂಗೆ ಗೊತ್ತಿತ್ತು. ಸ್ವಿಚ್ ಮೇಲೆ ಕೈ ಇಟ್ಟಿದ್ದೆ. ಆಫ್ ಮಾಡಿದ್ರೆ ನಿಮ್ಮ ಹನ್ನೆರಡು ನಿಮಿಷ ಉಳೀತಿತ್ತು."

"ಯಾಕೆ ಮಾಡಲಿಲ್ಲ?"

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಒರೆಸುವಂಥದ್ದು ಏನೂ ಇರಲಿಲ್ಲ.

"ನಿಮ್ಮಮ್ಮ ನನ್ನ ಕಡೆ ತಿರುಗಿ, ಹೊದಿಸೋ ಬಟನ್ ಯಾವುದಪ್ಪ ಅಂತ ಕೇಳಿದ್ರು."

ಅವಳು ಮೇಜು ಬಳಸಿಕೊಂಡು ಬಂದು, ಮೊದಲ ದಿನ ಕೂತಿದ್ದ ಸ್ಟೂಲಿನ ಮೇಲೆ ಕೂತಳು. ಚೀಲದಿಂದ ಬೂದು ಡಬ್ಬಿ ತೆಗೆದು ಕಂಟ್ರೋಲರಿಗೆ ತಾನೇ ಸಿಕ್ಕಿಸಿದಳು.

"ನಾನಾಗಿದ್ರೂ ಆಫ್ ಮಾಡ್ತಿರಲಿಲ್ಲ," ಎಂದಳು ಕೊನೆಗೆ. "ಕಣ್ಣು ಮಂಜು ಅಂದಿದ್ದೆನಲ್ಲ... ಅದು ನಂದೇ ಇತ್ತು. ಕ್ಷಮಿಸ್ತೀರಾ?"

"ಕನ್ನಡಕ ಮಾಡಿಕೊಟ್ಟವರ ಮೇಲೆ ಕೋಪ ಮಾಡಿಕೊಂಡ್ರೆ ಕಿತ್ತುಕೊಂಡು ಹೋಗ್ತಾರೆ."

"ಹೋಗ್ತೀನಿ ಮತ್ತೆ."

"ಬೇಡ," ಅಂದ. ಆ ಎರಡಕ್ಷರದಲ್ಲಿ ತಮಾಷೆ ಇರಲಿಲ್ಲ. "ಮೂರು ವಾರ ಮಧ್ಯಾಹ್ನ ಆದ ಕೂಡಲೇ ಬಾಗಿಲು ನೋಡ್ತಿದ್ದೆ. ಸರಿಯಾಗಿ ಕಾಣದಿದ್ರೂ ನೋಡ್ತಿದ್ದೆ. ನೀವು ಬರದ ಈ ಅಂಗಡಿ ನಂಗೆ ಇಷ್ಟ ಇಲ್ಲ."

ಅವಳ ಕಿವಿ ಬಿಸಿಯಾಯಿತು. ಪರದೆಯ ಕಡೆ ತಿರುಗಿದಳು.

ಒಂದನೇ ಜಾಗ: ದೊರೆ. ಎರಡನೇ ಜಾಗ: ಖಾಲಿ.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ಆಡಲೆಂದು ಬಟನ್ ಒತ್ತಿದಳು. ಎರಡನೆಯದು. ಆಟ ಹೆಸರು ಕೇಳಿತು. ಅವಳು ತಡವರಿಸುವಷ್ಟರಲ್ಲಿ ಅವನು ಕೈ ಚಾಚಿ ಒಂದೊಂದೇ ಅಕ್ಷರ ಜೋಡಿಸಿದ: ಬಾಲ.

"ಇದನ್ನೂ ಹೇಳಿಬಿಟ್ಟಳಾ ಅಮ್ಮ?"

"ಹದಿನಾಲ್ಕು ನಿಮಿಷದಲ್ಲಿ ತುಂಬಾ ಹೇಳಿದ್ರು."

ಪರದೆಯ ಮೇಲೆ ಪುಟ್ಟ ಹುಡುಗಿಯೊಬ್ಬಳು ಬೆಟ್ಟದ ಬುಡದಲ್ಲಿ ಕಣ್ಣುಬಿಟ್ಟಳು. ಅವಳ ಗಡಿಯಾರ ಸೊನ್ನೆಯಿಂದ ನಡೆಯತೊಡಗಿತು. ಕಂಟ್ರೋಲರ್ ಒಂದೇ. ಹಿಡಿದ ಕೈ ನಾಲ್ಕು.

"ಈ ಹೊಸ ಬ್ಯಾಟರಿ ಎಷ್ಟು ದಿನ ಬರುತ್ತೆ?" ಅವಳು ಮೆಲ್ಲಗೆ ಕೇಳಿದಳು.

"ಹದಿನೈದು ವರ್ಷ."

"ಆಮೇಲೆ?"

"ಆಮೇಲೆ ಮತ್ತೆ ಬಿಚ್ಚಬೇಕು. ವೈರ್ ಹಿಡ್ಕೊಳ್ಳೋಕೆ ಒಬ್ರು ಬೇಕಾಗುತ್ತೆ."

"ಅಷ್ಟರಲ್ಲಿ ನಿಮ್ಮ ಕಣ್ಣಿನ ನಂಬರ್ ಇನ್ನೂ ಏರಿರುತ್ತೆ."

"ಏರಿರುತ್ತೆ. ಗಾಜು ಉಜ್ಜೋಕೂ ಒಬ್ರು ಬೇಕಾಗುತ್ತೆ."

"ಇಬ್ಬರನ್ನ ಯಾಕೆ ಹುಡುಕ್ತೀರ," ಅಂದಳು ಅವಳು, ಪರದೆಯಿಂದ ಕಣ್ಣು ತೆಗೆಯದೆ. "ನಾನೊಬ್ಬಳು ಸಾಕು."