ನಿಮ್ಮದು ಧರ್ಮಾನ ಅಲ್ಲ

“ನಿಮ್ಮದು ಧರ್ಮಾನ ಅಲ್ಲ ಅಂತ ಅಪ್ಪಗ ಹೇಳೇನಿ,” ಎಂದ ಸಂಜಯ, ಸಿಹಿಸುದ್ದಿ ತಂದವನ ಮುಖ ಮಾಡಿಕೊಂಡು.

ನೀಲಮ ಚಹಾದ ಕಪ್ಪನ್ನು ತುಟಿಯವರೆಗೆ ಒಯ್ದಿದ್ದಳು. ಕೈ ಅಲ್ಲೇ ನಿಂತಿತು. ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಎದುರಿನ ಕ್ಯಾಂಟೀನಿನಲ್ಲಿ ಮಧ್ಯಾಹ್ನದ ಗದ್ದಲ. ಕೇಳಿದ್ದು ತಪ್ಪಿರಬೇಕು ಅನ್ನಿಸಿತು ಅವಳಿಗೆ.

“ಏನಂದಿ?”

“ಪೂರ್ತಿ ಕೇಳು. ಅಪ್ಪಂದು ಇರೂದು ಒಂದ ತಕರಾರು. ಅವರದು ಬ್ಯಾರೆ ಧರ್ಮ, ದೇವರಿಲ್ಲ, ನಮ್ಮ ಮನ್ಯಾಗ ಹೆಂಗ ಹೊಂದತಾಳ ಅಂತ. ನಾ ಹೇಳಿದೆ, ಬೌದ್ಧ ಅಂದ್ರ ಧರ್ಮ ಅಲ್ಲಪಾ, ಅದೊಂದು ಫಿಲಾಸಫಿ, ಯೋಗ, ಧ್ಯಾನ ಇದ್ದಂಗ. ಆಕಿ ನಮ್ಮ ದೇವರಿಗೂ ಕೈ ಮುಗೀತಾಳ, ಅಡಚಣಿ ಏನಿಲ್ಲ. ಅಪ್ಪ ಅರ್ಧ ಒಪ್ಪ್ಯಾರ, ನೀಲಮ!”

ಅವನ ಕಣ್ಣುಗಳು ಹೊಳೆಯುತ್ತಿದ್ದವು. ಆ ಹೊಳಪು ನೋಡಲೆಂದೇ ಅವಳು ಎರಡು ವರ್ಷದಿಂದ ಶನಿವಾರಗಳಿಗಾಗಿ ಕಾಯುತ್ತಿದ್ದಳು. ಇವತ್ತು ಅದನ್ನು ನೋಡಿ ಮೈ ಉರಿಯಿತು.

“ನಮ್ಮಪ್ಪ ದಿನಾ ಮುಂಜಾನೆ ಬಿಳಿ ಅಂಗಿ ಹಾಕ್ಕೊಂಡು, ಬುದ್ಧನ ಮುಂದ ನಿಂತು ಪಂಚಶೀಲ ಹೇಳತಾರ. ಏನೂ ಬೇಡೂದಿಲ್ಲ. ಕೊಲ್ಲೂದಿಲ್ಲ, ಕದಿಯೂದಿಲ್ಲ ಅಂತ ಮಾತು ಕೊಡತಾರ. ಅದೇನು, ಫಿಲಾಸಫಿ ಕ್ಲಾಸಾ?”

“ಅಪ್ಪನ್ನ ಒಪ್ಪಸಾಕ ಹೇಳಿದ ಮಾತದು...”

“ಸುಳ್ಳಂತ ನಿನಗ ಗೊತ್ತಿತ್ತು. ಗೊತ್ತಿದ್ದೂ ಹೇಳಿದಿ.”

ಅದು ಸುಳ್ಳೆಂದು ಅವರಿಬ್ಬರೂ ಸೇರಿಯೇ ಕಂಡುಕೊಂಡಿದ್ದರು.

ಎರಡು ವರ್ಷದ ಹಿಂದೆ, ನೀಲಮ ಇಂಗ್ಲಿಷ್ ಕಲಿಸುವ ಕಾಲೇಜಿಗೆ ಅವನು ಭಾಷಣಕ್ಕೆ ಬಂದಿದ್ದ. ಅಥಣಿ ಕಡೆಯ ದ್ರಾಕ್ಷಿ ಬೆಳೆಗಾರರ ಮಗ. ಪುಣೆಯಲ್ಲಿ ತತ್ವಶಾಸ್ತ್ರ ಓದಿ ಬಂದು ಮನೆಯ ಒಣದ್ರಾಕ್ಷಿ ವ್ಯವಹಾರ ನೋಡಿಕೊಳ್ಳುತ್ತಿದ್ದ. ಪರದೆಯ ಮೇಲೆ ಜಗತ್ತಿನ ಧರ್ಮಗಳನ್ನು ಸಾಲಾಗಿ ನಿಲ್ಲಿಸಿದ್ದ. ಸ್ಥಾಪಕ ಯಾರು, ಗ್ರಂಥ ಯಾವುದು, ದೇವರು ಯಾರು. ಬೌದ್ಧರ ಮುಂದೆ ದೇವರ ಜಾಗದಲ್ಲಿ ಬರೀ ಒಂದು ಗೆರೆ.

ಹಿಂದಿನ ಸಾಲಿನಿಂದ ನೀಲಮ ಎದ್ದು ನಿಂತಿದ್ದಳು. “ಸರ್, ನಮ್ಮದು ಇರ್ಲಿರಿ. ನಿಮ್ಮ ಮನೀದು ತುಂಬಿ ತೋರಸ್ರಿ.”

ಅವನು ಹುಮ್ಮಸ್ಸಿನಿಂದ ಶುರು ಮಾಡಿ ಮೊದಲನೇ ಪ್ರಶ್ನೆಗೇ ಸಿಕ್ಕಿಬಿದ್ದ. ಸ್ಥಾಪಕ? ಯಾರೂ ಇಲ್ಲ. ಗ್ರಂಥ? ಅವರ ಮನೆಯಲ್ಲಿ ಯಾರೂ ಓದಿದವರಲ್ಲ. ದೇವರು? ಅಪ್ಪ ಪಂಢರಪುರಕ್ಕೆ ನಡೆದು ಹೋಗುತ್ತಾನೆ, ಊರ ದರ್ಗಾಕ್ಕೆ ಹರಕೆ ಹೊರುತ್ತಾನೆ, ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟಣಿಗೆ ಮೊದಲು ಹಣಮಪ್ಪನಿಗೆ ಕಾಯಿ ಒಡೆಯುತ್ತಾನೆ. ಸಭೆ ನಕ್ಕಿತು. ಅವನೂ ನಕ್ಕ. ಕಾರ್ಯಕ್ರಮ ಮುಗಿದ ಮೇಲೆ ಗೇಟಿನವರೆಗೆ ಅವಳ ಹಿಂದೆಯೇ ಬಂದು, “ಮೇಡಂ, ಜಗಳ ಅರ್ಧಕ್ಕ ನಿಂತೈತಿ, ಚಹಾ ಕುಡ್ಕೋತ ಮುಗಸೋಣೇನ್ರಿ?” ಎಂದಿದ್ದ.

ಆ ಜಗಳ ಮುಗಿಯಲೇ ಇಲ್ಲ. ಒಂದು ಶನಿವಾರ ಅವನೇ ಹೇಳಿದ್ದ: “ಈ ಧರ್ಮ ಅನ್ನೂ ಚೌಕಟ್ಟು ಐತೆಲ್ಲ, ಇದು ವಿಲಾಯತಿ ಪಾದ್ರಿಗಳು ತಮ್ಮ ಮೈ ಅಳತಿಗೆ ಹೊಲಕೊಂಡ ಅಂಗಿ. ಒಂದು ದೇವರು, ಒಂದು ಪುಸ್ತಕ, ನಂಬತೇನಿ ಅಂತ ಒಂದು ಮಾತು. ನಮ್ಮಲ್ಲಿ ಯಾರಿಗೂ ಅದು ಹಿಡಸೂದಿಲ್ಲ. ನಾವ ಮೈ ಕೊರಕೊಂಡು ತೊಟ್ಟೀವಿ.” ಹೀಗೆ ಹೇಳುವಾಗ ಅವನು ತನ್ನದೇ ಕಾಲರನ್ನು ಹಿಡಿದು ಎಳೆದು ತೋರಿಸಿದ್ದ. ನೀಲಮ ನಗುತ್ತ ತಲೆ ತಗ್ಗಿಸಿದ್ದಳು. ಮನಸ್ಸು ಹೋದದ್ದು ಆವತ್ತೇ.

ಅಂಥವನು ಈಗ ಅದೇ ಅಂಗಿ ತಂದು ಅವಳಿಗೆ ತೊಡಿಸಿದ್ದ. ಗುಂಡಿಯನ್ನೂ ತಾನೇ ಹಾಕಿದ್ದ.

“ಮತ್ತ ಫೋನ್ ಮಾಡಬ್ಯಾಡ,” ಎಂದು ಎದ್ದಳು. ಚಹಾ ಹಾಗೆಯೇ ಉಳಿಯಿತು.

ಅವನು ಮಾಡಿದ. ಅವಳು ಎತ್ತಲಿಲ್ಲ. ಮೆಸೇಜುಗಳನ್ನು ತೆರೆಯಲಿಲ್ಲ. ಆದರೆ ಸಿಟ್ಟು ಎದೆಯಲ್ಲಿ ಕುಳಿತು ನಿದ್ದೆಗೆಡಿಸಿತು. ಅವನ ಅಪ್ಪನಿಗೆ ತಕರಾರು ದೇವರದ್ದೇ? ನೋಡಿಯೇಬಿಡಬೇಕು ಎಂದುಕೊಂಡಳು. ಮುಂದಿನ ಭಾನುವಾರ ಯಾರಿಗೂ ಹೇಳದೆ ಅಥಣಿ ಬಸ್ಸು ಹತ್ತಿದಳು.

ದ್ರಾಕ್ಷಿ ಒಣಗಿಸುವ ಶೆಡ್ಡಿನ ಪಕ್ಕದಲ್ಲೇ ಮನೆ. ಹಸಿರು ಬಲೆಗಳ ಹಿಂದೆ ಸಾಲು ಸಾಲು ಹಣ್ಣು; ಗಾಳಿಯೆಲ್ಲ ಸಿಹಿ ವಾಸನೆ. ಅಂಗಳದಲ್ಲಿ ಅವಳು ಹೆಸರು ಹೇಳುತ್ತಿದ್ದಂತೆ ಸಂಜಯ ಶೆಡ್ಡಿನಿಂದ ಓಡಿಬಂದ. ಅವಳ ಕಣ್ಣು ನೋಡಿ ದೂರದಲ್ಲೇ ನಿಂತ.

ಅವನ ತಂದೆ ವಿರುಪಾಕ್ಷಪ್ಪ ಮರ್ಯಾದೆಯ ಮನುಷ್ಯ. “ಬರ್ರಿ, ಬರ್ರಿ,” ಎಂದು ತಾವೇ ಬೇವಿನ ಮರದ ಕೆಳಗೆ ಕುರ್ಚಿ ಹಾಕಿದರು. ತಾಯಿ ಕಾಳವ್ವ ನೀರು ತಂದುಕೊಟ್ಟು ಬಾಗಿಲಲ್ಲಿ ನಿಂತರು.

“ನಿಮ್ಮ ಬಗ್ಗೆ ನಮಗ ಬ್ಯಾರೆ ಏನಿಲ್ಲರಿ,” ಎಂದರು ವಿರುಪಾಕ್ಷಪ್ಪ. “ಕಲತೀರಿ, ನೌಕರಿ ಮಾಡಾಕತ್ತೀರಿ. ಆದ್ರ ನಮ್ಮದು ದೇವರು ದಿಂಡರು ಇದ್ದ ಮನಿ. ದೇವರ ಇಲ್ಲ ಅನ್ನಾವರು ಇಲ್ಲೆ ಹೆಂಗ ಬಾಳೇ ಮಾಡಬೇಕು? ಇಷ್ಟ ನಮ್ಮ ತಕರಾರು.”

“ಕಾಕಾ, ಒಂದು ಮಾತು ಕೇಳತೇನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಒಣದ್ರಾಕ್ಷಿ ತಗೊಳ್ಳಾಕ ಶೇಡಬಾಳದಿಂದ ಜೈನ ಸಾವಕಾರರು ಬರತಾರಂತಲ್ಲ?”

“ಬರತಾರ. ದೊಡ್ಡ ಮಂದಿ.”

“ಜಗತ್ತು ಹುಟ್ಟಿಸಿದ ದೇವರು ಅವರಿಗೂ ಇಲ್ಲರಿ. ಅವರು ಬಂದಾಗ ಎಲ್ಲೆ ಕೂಡಸ್ತೀರಿ?”

ಉತ್ತರ ಬಾಗಿಲಿನಿಂದ ಬಂತು.

“ಒಳಗ,” ಎಂದರು ಕಾಳವ್ವ. “ಸೋಫಾದ ಮ್ಯಾಲ.”

“ನೀ ಸುಮ್ನಿರು!”

“ಕೇಳ್ಯಾಳ, ಹೇಳೇನಿ.”

ನೀಲಮ ಕುರ್ಚಿಯಿಂದ ಎದ್ದಳು. “ಅವರನ್ನ ಒಳಗ ಕರದ್ರಿ, ನನ್ನ ಮರದ ಕೆಳಗ ಕೂಡಿಸಿದ್ರಿ. ಹಂಗಾರ ಇದು ದೇವರ ತಕರಾರಲ್ಲರಿ, ಕಾಕಾ.”

“ಅಲ್ಲಪಾ,” ಎಂದ ಸಂಜಯ. ಅವನ ಮುಖ ಕೆಂಪಾಗಿತ್ತು. “ಜಾತಿ ಅಂತ ಹೇಳು. ಒಂದ್ಸಲ ಬಾಯಿಬಿಟ್ಟು ಹೇಳು.”

“ಹೌದಲೇ! ಜಾತಿನ! ಏನೀಗ?” ವಿರುಪಾಕ್ಷಪ್ಪ ಕುರ್ಚಿ ದೂಡಿ ಎದ್ದರು. “ಆಕಿ ಅಜ್ಜ ಬುದ್ಧಗ ಕೈ ಮುಗದ ಕೂಡಲೇ ಹಿಂದಿಂದೆಲ್ಲ ಅಳಿಸಿ ಹೋತೇನು?”

ನೀಲಮ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟಳು. ಅಳು ಬಂದದ್ದು ರಸ್ತೆಗೆ ಬಂದ ಮೇಲೆ, ಅದೂ ಸಿಟ್ಟಿನದ್ದೇ. ಹಿಂದೆ ಹೆಜ್ಜೆಯ ಸಪ್ಪಳವಾಯಿತು.

“ಹಿಂದ ಬರಬ್ಯಾಡ.”

“ಬರಾಕತ್ತಿಲ್ಲ. ಬಾಜೂ ಬರಾಕತ್ತೇನಿ.”

“ಚಾಷ್ಟಿ ಮಾಡಬ್ಯಾಡ, ಸಂಜಯ!”

ಅವನು ನಿಂತ. ಬಿಸಿಲಿನಲ್ಲಿ ಅವನ ಹಣೆಯ ಬೆವರು ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಅಪ್ಪ ಏನಂತಾನ ಅಂತ ಮೊದಲ ದಿನಾನ ನನಗ ತಿಳದಿತ್ತು. ಕೇಳೂ ಧೈರ್ಯ ಆಗಲಿಲ್ಲ. ಧರ್ಮದ ಮಾತು ಆಡಿ ಮುಚ್ಚಿದೆ. ನಿನ್ನ ಮನೀದೆಲ್ಲ ಸಣ್ಣದು ಮಾಡಿದ್ರ ನಮ್ಮ ಬಾಗಲದಾಗ ಹಾಯತೈತಿ ಅಂದ್ಕೊಂಡೆ.”

ಅವಳು ಅವನ ಮುಖ ನೋಡಿದಳು. ನೋಡಬಾರದಿತ್ತು, ಪ್ರೀತಿ ಅಲ್ಲೇ ಇತ್ತು, ಎಲ್ಲಿಗೂ ಹೋಗಿರಲಿಲ್ಲ. ಅದಕ್ಕೂ ಸಿಟ್ಟು ಬಂತು.

“ನನಗ ಹೇಳಬ್ಯಾಡ. ನಮ್ಮೂರು ಅಕ್ಕೋಳಕ್ಕ ಬಂದು ನಮ್ಮಪ್ಪಗ ಹೇಳು. ಏನಂದಿದ್ದಿ ಅಂತ, ಇದ್ದದ್ದು ಇದ್ದಂಗ.”

ಬಸ್ಸು ಬಂತು. ಅವಳು ಹತ್ತಿದಳು. ಅವನು ಕೈ ಎತ್ತಲಿಲ್ಲ.

ಎರಡು ದಿನದ ಮೇಲೆ ಬಂದ. ನೀಲಮಳ ತಂದೆ ತುಕಾರಾಮ, ನಿವೃತ್ತ ಬಸ್ ಕಂಡಕ್ಟರ್. ಅವರೂ ಅಜ್ಜಿ ಶೇವಂತಾಳೂ ಪಡಸಾಲೆಯಲ್ಲಿ ಕುಳಿತಿದ್ದರು. ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು. ಸಂಜಯ ಕೂರದೆಯೇ ಹೇಳಿದ. ಧರ್ಮ ಅಲ್ಲ ಅಂದದ್ದು, ಫಿಲಾಸಫಿ ಅಂದದ್ದು, ಅಪ್ಪ ಅಂದದ್ದು, ಒಂದೂ ಬಿಡಲಿಲ್ಲ.

“ನೀವು ಕಲತವ್ರು,” ಎಂದರು ತುಕಾರಾಮ ತಣ್ಣಗೆ. ಆ ಬಹುವಚನ ಸಂಜಯನಿಗೆ ಏಟಿನಂತೆ ತಾಗಿತು. “ನಮ್ಮದು ಧರ್ಮ ಹೌದೋ ಅಲ್ಲೋ, ಇದನ್ನ ಹೇಳೂ ಅಧಿಕಾರ ಯಾರು ಕೊಟ್ಟಾರ್ರಿ ನಿಮಗ?”

“ಯಾರೂ ಕೊಟ್ಟಿಲ್ಲರಿ. ತಪ್ಪಾಗೇತಿ.”

ಅಜ್ಜಿ ಶೇವಂತಾ ಅವನನ್ನೇ ದಿಟ್ಟಿಸುತ್ತಿದ್ದಳು. “ಪೋರಾ, ನಾ ಸಣ್ಣಾಕಿ ಇದ್ದಾಗ ನಮಗೂ ದೇವರಿದ್ದ. ಬಾಗಲಾ ಹೊರಗ ನಿಂತು ಕೈ ಮುಗೀತಿದ್ವಿ. ದೇವರನ್ನ ಬಿಟ್ಟು ಬಂದ್ವಿ ನೋಡು, ಒಳಗ ಕುಂತ್ವಿ. ತಲಿ ಮ್ಯಾಲ ಮಾಡಿ ನಡದ್ವಿ. ನನಗ ಗೊತ್ತಿರೂ ಧರ್ಮ ಅದು. ನಿನ್ನ ಪುಸ್ತಕದಾಗ ಅದಕ್ಕ ಏನಂತಾರೋ ನನಗ ಬ್ಯಾಡ.” ಒಂದು ಕ್ಷಣ ಬಿಟ್ಟು, “ಕೂಡ್ರು. ಉಂಡು ಹೋಗು,” ಎಂದಳು.

ಸಂಜಯ ನೆಲದ ಮೇಲೆ ಕುಳಿತ. ಅವನು ಬರೀ ರೊಟ್ಟಿ ಮುರಿದು ತಿನ್ನುವುದನ್ನು ನೀಲಮ ಅಡುಗೆಮನೆಯ ಬಾಗಿಲಿನಿಂದ ನೋಡಿದಳು. ತುಕಾರಾಮರು ನೋಡಿಯೂ ನೋಡದಂತೆ ಪಲ್ಯದ ಪಾತ್ರೆಯನ್ನು ಅವನ ಕಡೆ ಸರಿಸಿದರು.

ಊಟವಾದ ಮೇಲೆ ಅವನ ಕೈಗೆ ನೀರು ಹಾಕಲು ನೀಲಮ ಹಿತ್ತಲಿಗೆ ಬಂದಳು.

“ನಾಳೆ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಕೇಳಿ ಬರತೇನಿ,” ಎಂದ ಅವನು ಮೆಲ್ಲಗೆ. “ನೀ ಹೂಂ ಅಂದ್ರ. ಅಪ್ಪ ಬರೂದಿಲ್ಲ. ಅವ್ವ ಬರತೇನಿ ಅಂದಾಳ, ಅಪ್ಪನ ಎದುರಿಗೇನ ಅಂದಾಳ. ನಾ ಯಾವ ದೇವರಿಗೆ ಕೈ ಮುಗಿಬೇಕು, ನೀ ಯಾರಿಗೆ ಮುಗಿಬಾರದು, ಯಾರೂ ಯಾರಿಗೂ ಹೇಳೂದು ಬ್ಯಾಡ. ನಿನ್ನ ಧರ್ಮ ಏನು ಅಂತ ಯಾರರ ನನ್ನ ಕೇಳಿದ್ರ, ಆಕೀನ್ನ ಕೇಳ್ರಿ ಅಂತೇನಿ.”

ನೀಲಮ ಚೊಂಬಿನ ನೀರನ್ನು ಅವನ ಕೈಗೆ ಸುರಿಯುತ್ತಲೇ ಇದ್ದಳು. ಕೈ ಯಾವಾಗಲೋ ತೊಳೆದಾಗಿತ್ತು.

“ನನ್ನ ಸಿಟ್ಟು ಇನ್ನೂ ಇಳದಿಲ್ಲ, ಸಂಜಯ.”

“ಇಳಿಯೂತನಕ ಮದಿವಿ ತಡೀಬೇಕೇನು?”

ಅವಳು ತುಟಿ ಬಿಗಿಹಿಡಿದಳು. ಆದರೂ ಒಂದು ಅಂಚು ಸಡಿಲವಾಯಿತು.

“ಬ್ಯಾಡ,” ಎಂದಳು. “ಅದು ಭಾಳ ವರ್ಷ ಹಿಡಿತೈತಿ.”