ಮಾತಿ ಹೆತ್ತೆಯನ್ನ ಕೊಂದ ವಿಮರ್ಶೆ

ಕೋತಗಿರಿ ಬಸ್‌ಸ್ಟ್ಯಾಂಡಲ್ಲಿ ಇಳಿದು ಯಾರನ್ನ ಬೇಕಾದ್ರೂ ಕೇಳಿ. ಯಾವ ಸಿನಿಮಾಗೆ ಪ್ರಶಸ್ತಿ ಬರುತ್ತೆ, ಯಾವುದು ಎರಡನೇ ವಾರಕ್ಕೇ ಎತ್ತಂಗಡಿ ಆಗುತ್ತೆ ಅಂತ ಮೊದಲೇ ಹೇಳೋ ಗಂಡು ಈ ನೀಲಗಿರಿಯಲ್ಲಿ ಒಬ್ಬನೇ. ಸಂತೋಷ್‌ಕುಮಾರ್, ಅಂದ್ರೆ ನಾನು. ಘಾಟ್ ರಸ್ತೆಗೆ ತಿರುವಿರಬಹುದು, ನನ್ನ ನಾಲಿಗೆಗಿಲ್ಲ. ನಮ್ಮ ಬೆಟ್ಟದ ಚಿತ್ರೋತ್ಸವಕ್ಕೂ ಈ ಸಲ ಭವಿಷ್ಯ ಹೇಳಿದ್ದೆ. ಅತ್ಯುತ್ತಮ ಚಿತ್ರ ಯಾವುದು? ನಮ್ಮ ಹಟ್ಟಿಯ ಸಂಗೀತಕ್ಕ ತೆಗೆದ ‘ಎಲೆ ಇಲ್ಲದ ದಿನ’. ಯಾಕೆ? ಒಂದು ಡೈಲಾಗ್ ಇಲ್ಲ ಸ್ವಾಮಿ. ಬಾಯಿ ಆಡುತ್ತೆ, ಮಾತು ಬರಲ್ಲ. ಅಂಥಾ ಮೌನ. ಡೈಲಾಗಲ್ಲೇ ಹಲ್ಲುಜ್ಜೋ ನನ್ನಂಥವನ ಬಾಯೇ ಕಟ್ಟಿಹೋಯ್ತು. ಪ್ರದರ್ಶನಕ್ಕೆ ಮೊದಲೇ ಹೇಗೆ ನೋಡಿದೆ ಅಂತ ಕೇಳ್ಬೇಡಿ. ಹೀರೋ ಯಾವ ಗೋಡೆ ಹಾರಿ ಬಂದ ಅಂತ ಯಾರಾದ್ರೂ ಕೇಳ್ತಾರಾ?

ಅದೇ ಸಿನಿಮಾದ ಕೇಸನ್ನ ಬಿಡಿಸಿದ್ದೂ ನಾನೇ. ಪಕ್ಕದಲ್ಲಿ ಗಂಗಾಧರ ಮಾವ ಇದ್ರು, ಅಷ್ಟೆ.

ಮಾವ ಪೊಲೀಸ್ ಇನ್‌ಸ್ಪೆಕ್ಟರಾಗಿ ರಿಟೈರಾದೋರು. ಹಟ್ಟಿಯಲ್ಲಿ ಕೋಳಿ ಕಳೆದ್ರೂ, ಮದುವೆಮನೆ ಚೊಂಬು ಕಳೆದ್ರೂ ಜನ ಅವರ ಬಾಗಿಲಿಗೇ ಬರೋದು. ಸಿನಿಮಾ ಮಾತ್ರ ಅವರಿಗೆ ಆಗಿಬರಲ್ಲ. ಟೈಟಲ್ ಮುಗಿಯೋದ್ರೊಳಗೆ ಕಣ್ಣು ಮುಚ್ಚಿರ್ತಾರೆ. ಕೇಳಿದ್ರೆ, “ನಿದ್ದೆ ಅಲ್ಲಲೇ, ಕೇಳಿಸ್ಕೋತಿದ್ದೀನಿ” ಅಂತಾರೆ.

ಆ ಶನಿವಾರ ಬೆಳಿಗ್ಗೆ ಮಾವ ಸುಧಾಕರನ್ ಬೇಕರಿಯಲ್ಲಿ ಟೀಗೆ ವರ್ಕಿ ಬಿಸ್ಕತ್ತು ಅದ್ದುತ್ತಾ ಕೂತಿದ್ರು. ನಾನು ಒಳಗೆ ಕಾಲಿಡ್ತಿದ್ದಂಗೆ ಕೌಂಟರ್ ಮೇಲಿದ್ದ ಸ್ಪೀಕರ್ ‘ಟಿಂಗ್’ ಅಂತು.

“ನೀನು ಬಂದ್ರೆ ಈ ಡಬ್ಬಾ ಗಂಟೆ ಹೊಡೆಯುತ್ತಲ್ಲೋ, ಗುಡಿ ಥರ” ಅಂದ್ರು ಮಾವ.

“ಗುಡೀನೂ ಇಲ್ಲ ಗಂಟೇನೂ ಇಲ್ಲ ಮಾವಾ” ಅಂದ ಸುಧಾಕರನ್. “ಫೋನಿಂದ ಸ್ಪೀಕರಿಗೆ ಕನೆಕ್ಷನ್ ಹಾಕಿಟ್ಟಿದ್ದಾನೆ. ಗಿರಾಕಿ ವರ್ಕಿ ಕಚ್ಚೋ ಹೊತ್ತಿಗೆ ವಿಲನ್ ನಗು ಬಿಡ್ತಾನೆ. ಮೊನ್ನೆ ಒಬ್ಬಮ್ಮ ಗ್ಲಾಸನ್ನೇ ಕೈಬಿಟ್ಟಳು.”

ಸುಧಾಕರನ್ ಗೂಡಲೂರು ಕಡೆಯೋನು, ಮನೆಮಾತು ಮಲಯಾಳಂ. ಕೋತಗಿರಿಗೆ ಬಂದು ಬೇಕರಿ ಹಾಕಿ ವರ್ಷ ಆಗಿರಲಿಲ್ಲ. ಒಳ್ಳೆ ಮನುಷ್ಯ, ನನಗಿಂತ ದೊಡ್ಡ ಸಿನಿಮಾ ಹುಚ್ಚ. ಅವತ್ತು ಮುಖ ಬಾಡಿತ್ತು.

“ಯಾಕಪ್ಪಾ, ಸಪ್ಪಗಿದ್ದೀಯ?” ಅಂದ್ರು ಮಾವ.

“ಮಗಳಿಗೆ ಪನಿ ಮಾವಾ. ಮೂರ್ನಾಲ್ಕು ದಿನದಿಂದ ಬಿಟ್ಟಿಲ್ಲ.”

“ಪನಿನಾ? ಹೊರಗೆ ಬಿಸಿಲು ಹೊಡೀತಿದೆ.”

“ಅಯ್ಯೋ, ಜ್ವರ, ಜ್ವರ” ಅಂತ ಅವನೇ ನಕ್ಕ.

ಅಷ್ಟರಲ್ಲಿ ಸಂಗೀತಕ್ಕ ಬಂದಳು. ಫೋನನ್ನ ಮಾವನ ಮುಂದೆ ಇಟ್ಟಳು.

“ಮಾವಾ, ನಾಳೆ ಸಂಜೆ ನನ್ನ ಸಿನಿಮಾ ತೋರಿಸ್ಬೇಕಿತ್ತು. ತೆಗೆದುಹಾಕ್ತಾರಂತೆ.”

ಫೋನಲ್ಲಿ ‘ಮುಂದಿನ ಬೆಂಚು’ ಅನ್ನೋ ಪುಟ ಇತ್ತು. ಯಾರು ಬರೆಯೋದು ಅಂತ ಯಾರಿಗೂ ಗೊತ್ತಿರಲಿಲ್ಲ. ಹಿಂದಿನ ರಾತ್ರಿ ಅದರಲ್ಲಿ ‘ಎಲೆ ಇಲ್ಲದ ದಿನ’ದ ವಿಮರ್ಶೆ ಬಂದಿತ್ತು. ನಾನೇ ಓದಿ ಹೇಳಿದೆ: ಟೀ ಫ್ಯಾಕ್ಟರಿ ಸೈರನ್ ಎದೆ ನಡುಗಿಸುತ್ತೆ, ಗಾಳಿ ಸದ್ದು ಕಾಡುತ್ತೆ, ಅಜ್ಜಿಯ ದನಿ ಮರೆಯೋಕಾಗಲ್ಲ, ಕೊನೆಗೆ ಪಾಪ, ಅಜ್ಜಿ ಮಾತಿ ಜ್ವರಕ್ಕೆ ಬಲಿಯಾಗ್ತಾಳೆ.

ಮಾತಿ ಅಂದ್ರೆ ಸಂಗೀತಕ್ಕನ ಸ್ವಂತ ಅಜ್ಜಿ. ಅಜ್ಜಿಗೆ ನಾವು ಹೆತ್ತೆ ಅಂತೀವಿ. ಸಿನಿಮಾದಲ್ಲಿ ತನ್ನ ಹೆಸರಲ್ಲೇ ನಟಿಸಿದ್ದಳು. ಜೀವಮಾನದಲ್ಲಿ ಒಂದು ಸಲವೂ ಥಿಯೇಟರ್ ಮೆಟ್ಟಿಲು ಹತ್ತದವಳು ನಾಳೆಗೆ ಅಂತ ನಮ್ಮ ಹೆಂಗಸರು ಉಡೋ ಬಿಳಿ ಮುಂಡು ಒಗೆದು ಮಡಚಿಟ್ಟಿದ್ದಳು.

“ಕಥೆ ಮೊದಲೇ ಹೊರಗೆ ಬಂದ್ರೆ ಸಿನಿಮಾ ಔಟ್, ಅದು ರೂಲು” ಅಂದಳು ಸಂಗೀತಕ್ಕ. “ನಮ್ಮ ಕಡೆಯಿಂದ ಹೋಗಿಲ್ಲ ಅಂತ ತೋರಿಸಿದ್ರೆ ಮಾತ್ರ ಉಳಿಸ್ತಾರೆ. ಉತ್ಸವದ ಅಧ್ಯಕ್ಷರು ಬಾಲಸುಬ್ರಮಣಿಯನ್ ಸಾರ್ ಇವತ್ತು ಸಂಜೆವರೆಗೆ ಟೈಮ್ ಕೊಟ್ಟಿದ್ದಾರೆ. ಪ್ರಚಾರಕ್ಕೆ ನಾನೇ ಬಿಟ್ಟೆ ಅಂತ ಅವರ ಲೆಕ್ಕ. ಹೆತ್ತೆಗೆ ಏನು ಹೇಳ್ಲಿ ಮಾವಾ?”

“ಸಿನಿಮಾ ಯಾರ್‍ಯಾರು ನೋಡಿದ್ದಾರೆ?”

“ನಾನು, ಎಡಿಟರ್ ಚಂದ್ರನ್. ಆಮೇಲೆ ವಿಮರ್ಶೆಗೆ ಅಂತ ಲೋಕೇಶಣ್ಣನಿಗೆ ಲಿಂಕ್ ಕಳಿಸಿದ್ದೆ. ಅಷ್ಟೇ.”

ಲೋಕೇಶಣ್ಣ ನನ್ನ ದೊಡ್ಡಪ್ಪನ ಮಗ. ಬೇಕರಿ ಮೇಲಿನ ರೂಮಲ್ಲಿ ಸಿನಿಮಾ ವಿಮರ್ಶೆ ಚಾನೆಲ್ ನಡೆಸ್ತಾನೆ. ನಾವು ಮೇಲೆ ಹೋದಾಗ ಅವನ ಮುಖ ಬಿಳಿಚಿಕೊಂಡಿತ್ತು.

“ನನ್ನ ಮೇಲೇ ಡೌಟ್ ಬರುತ್ತೆ ಅಂತ ಗೊತ್ತಿತ್ತು” ಅಂದ. “ನಾನು ಯಾರಿಗೂ ತೋರಿಸಿಲ್ಲ ಮಾವಾ. ಇದು ನನ್ನ ತಲೆಗೆ ಬಂದ್ರೆ ಇನ್ನು ಯಾರೂ ನಂಬಿ ಸಿನಿಮಾ ಕೊಡಲ್ಲ.”

“ಶತ್ರು ಬಾಗಿಲಲ್ಲಿಲ್ಲ ಅಣ್ಣಾ, ಮನೆಯೊಳಗೇ ಇದ್ದಾನೆ” ಅಂದೆ ನಾನು. ಸಂದರ್ಭಕ್ಕೆ ಸರಿಹೊಂದೋ ಡೈಲಾಗ್ ಅಂತ ಹೇಳಿದ್ದು.

“ನೀನು ಬಾಯಿ ಮುಚ್ಚು. ಲೋಕೇಶಾ, ಸಿನಿಮಾ ಹಾಕು” ಅಂದ್ರು ಮಾವ.

ಲ್ಯಾಪ್‌ಟಾಪಲ್ಲಿ ಸಿನಿಮಾ ಶುರುವಾಯ್ತು. ಎಂದಿನಂತೆ ಮಾವ ಕಣ್ಣು ಮುಚ್ಚಿದ್ರು. ನನಗೆ ಮಾತ್ರ ಒಂಥರಾ ಗಲಿಬಿಲಿ. ಯಾಕಂದ್ರೆ ಸಿನಿಮಾದಲ್ಲಿ ಎಲ್ರೂ ಮಾತಾಡ್ತಿದ್ರು.

ಕಥೆ ಇಷ್ಟೇ: ಒಬ್ಬ ಸಣ್ಣ ಬೆಳೆಗಾರ, ಅವನದೊಂದು ತುಂಡು ಟೀ ತೋಟ. ತನ್ನ ಅಜ್ಜಿ ನೆಟ್ಟಿದ್ದು ಅಂತ ತೋಟಕ್ಕೂ ಅಜ್ಜಿ ಹೆಸರೇ ಇಟ್ಟಿರ್ತಾನೆ, ಮಾತಿ. ಕೊನೆಗೊಂದು ಬೆಳಿಗ್ಗೆ ಎದ್ದು ನೋಡಿದ್ರೆ ತೋಟ ಪೂರ್ತಿ ಕಪ್ಪಗೆ ಕರಕಲು. ಅವನು ಎಲೆ ಕೊಡೋ ಫ್ಯಾಕ್ಟರಿಗೆ ಫೋನ್ ಹಚ್ಚಿ ತಮಿಳಲ್ಲಿ ಹೇಳ್ತಾನೆ: “ಇನ್ನಿಕ್ಕಿ ಲೀಫ್ ಇಲ್ಲೆ ಸಾರ್. ಮಾತಿಯ ಪನಿ ಕೊಂಡುಪೋಯಿಡ್ಚು.” ಇವತ್ತು ಎಲೆ ಇಲ್ಲ, ಮಾತಿಯನ್ನ ಹಿಮ ಹೊತ್ಕೊಂಡು ಹೋಯ್ತು. ಸುಟ್ಟ ಗಿಡಗಳ ನಡುವೆ ಮಾತಿ ಹೆತ್ತೆ ಸುಮ್ಮನೆ ನಿಂತಿರ್ತಾಳೆ. ಮುಗೀತು.

ಮಾವ ಕಣ್ಣು ಬಿಟ್ರು. “ಈ ಕೊನೇದನ್ನ ಇನ್ನೊಂದ್ಸಲ ಹಾಕು. ಈ ಸಲ ನೀವೆಲ್ಲಾ ಕಣ್ಣು ಮುಚ್ಕೊಳ್ಳಿ.”

ಮುಚ್ಚಿದ್ವಿ. ಸೈರನ್, ಗಾಳಿ, ಫೋನಲ್ಲಿ ಅವನ ಆ ಮಾತು. ಅಷ್ಟೇ ಕೇಳಿಸ್ತು.

ಮಾವ ನನ್ನ ಕಡೆ ತಿರುಗಿದ್ರು. “ಏನೋ, ಇದು ಮಾತೇ ಇಲ್ಲದ ಸಿನಿಮಾ ಅಂತ ಎರಡು ದಿನದಿಂದ ಬಸ್‌ಸ್ಟ್ಯಾಂಡಲ್ಲಿ ಕೂಗ್ತಿದ್ದೆಯಲ್ಲ?”

“ಅದು... ಕಲೆ ಮಾವಾ, ಒಬ್ಬೊಬ್ಬರಿಗೆ ಒಂದೊಂದು ಥರ” ಅಂದೆ. ಮಾವ ಮುಂದೆ ಕೇಳಲಿಲ್ಲ. ಅದಕ್ಕೇ ಭಯವಾಯ್ತು.

ಸಂಜೆ ಬೇಕರಿ ಶಟರ್ ಅರ್ಧ ಇಳಿಸಿ ಎಲ್ಲರನ್ನೂ ಕೂರಿಸಿದ್ರು. ಬಾಲಸುಬ್ರಮಣಿಯನ್ ಸಾರ್ ಕೋಟಿನ ಗುಂಡಿ ಬಿಚ್ಚದೆ ಕೂತಿದ್ರು. ಸಂಗೀತಕ್ಕ, ಲೋಕೇಶಣ್ಣ, ಚಂದ್ರನ್ ಒಂದು ಬೆಂಚಲ್ಲಿ. ಮಾತಿ ಹೆತ್ತೆ ಕೋಲು ಹಿಡಿದು ಬಾಗಿಲ ಹತ್ರ. ಕೌಂಟರ್ ಹಿಂದೆ ಸುಧಾಕರನ್.

“ನಾನು ಸತ್ತೆ ಅಂತ ಬರೆದೋನು ಯಾರು?” ಅಂದಳು ಹೆತ್ತೆ. “ಹೊಲದಿಂದ ಬರ್ತಾ ಇದ್ರೆ ಎದುರುಮನೆಯವಳು ನನ್ನನ್ನ ನೋಡಿ ಚೀರಿದಳು.”

“ಹೇಳ್ತೀನಿ ಹೆತ್ತೇ” ಅಂದ್ರು ಮಾವ. “ಈ ಸಿನಿಮಾ ನೋಡಿದೋರು ಮೂರು ಜನ. ಮೂವರೂ ಕೊನೇ ದೃಶ್ಯದಲ್ಲಿ ನೀನು ಗಟ್ಟಿಮುಟ್ಟಾಗಿ ನಿಂತಿರೋದನ್ನ ನೋಡಿದ್ದಾರೆ. ನೋಡಿದೋನು ಯಾರೂ ಮಾತಿ ಸತ್ತಳು ಅಂತ ಬರೆಯಲ್ಲ. ಅಂದ್ರೆ ಬರೆದೋನು ಸಿನಿಮಾ ನೋಡೇ ಇಲ್ಲ.”

“ಮತ್ತೆ ಸೈರನ್ನು, ಗಾಳಿ ಎಲ್ಲಾ ಸರಿಯಾಗಿ ಬರೆದಿದ್ದಾನಲ್ಲ” ಅಂದ್ರು ಅಧ್ಯಕ್ಷರು.

“ಅದೇ ಸಾರ್. ಸೈರನ್, ಗಾಳಿ, ಅಜ್ಜಿ ದನಿ. ಎಲ್ಲಾ ಕಿವಿಗೆ ಬಿದ್ದದ್ದೇ. ಕ್ಯಾಮೆರಾ ಬಗ್ಗೆ ಒಂದಕ್ಷರ ಇಲ್ಲ. ಅವನು ಸಿನಿಮಾ ಕೇಳಿದ್ದಾನೆ. ಇನ್ನು ಜ್ವರ ಎಲ್ಲಿಂದ ಬಂತು? ಆ ಡೈಲಾಗಿಂದ. ಮಾತಿಯ ಪನಿ ಕೊಂಡುಪೋಯಿಡ್ಚು. ಇಲ್ಲಿ ಬೆಳೆದ ನಮಗೆ ಪನಿ ಅಂದ್ರೆ ಟೀ ಚಿಗುರು ಸುಡೋ ಹಿಮ. ಮಲಯಾಳದಲ್ಲಿ ಪನಿ ಅಂದ್ರೆ ಜ್ವರ.”

“ಚಂದ್ರನ್ ಮನೇಲೂ ಮಲಯಾಳವೇ ಅಲ್ವಾ?” ಅಂದ್ರು ಅಧ್ಯಕ್ಷರು.

“ಹೌದು. ಆದ್ರೆ ಆ ದೃಶ್ಯಾನ ಎಡಿಟಿಂಗಲ್ಲಿ ಕೂರಿಸಿದ್ದೇ ಅವನು. ಹೆತ್ತೆ ಬದುಕಿರೋದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಮಾವ ಟೀ ಗ್ಲಾಸ್ ಕೆಳಗಿಟ್ರು. “ಮನೇಲಿ ಮಗು ಜ್ವರದಲ್ಲಿ ಮಲಗಿರೋವಾಗ ಅಪ್ಪನ ಕಿವಿಗೆ ಪನಿ ಅಂದ್ರೆ ಇನ್ನೇನು ಕೇಳಿಸುತ್ತೆ? ಅಲ್ವಾ ಸುಧಾಕರನ್?”

ಸುಧಾಕರನ್ ಕೈಲಿದ್ದ ಬಟ್ಟೆಯಿಂದ ಕೌಂಟರ್ ಒರೆಸ್ತಾನೇ ಇದ್ದ. ಒರೆಸಿದ್ದನ್ನೇ ಒರೆಸ್ತಿದ್ದ.

“ಮುಂದಿನ ಬೆಂಚು ನಾನೇ ಮಾವಾ” ಅಂದ. “ಎಲ್ಲರಿಗಿಂತ ಮೊದಲು ಬರೀಬೇಕು ಅನ್ನೋ ಚಪಲ. ಹೆತ್ತೆ ದನಿ ಗೊತ್ತಾಯ್ತು, ಸಂಗೀತಾ ಸಿನಿಮಾ ಅಂತ ಗೊತ್ತಾಯ್ತು. ಬರೆದುಬಿಟ್ಟೆ. ಅವಳ ಸಿನಿಮಾ ಕಿತ್ತುಹಾಕ್ತಾರೆ ಅಂತ ತಾಯಾಣೆ ಗೊತ್ತಿರಲಿಲ್ಲ. ಆದ್ರೆ ನಾನು ಕದ್ದಿಲ್ಲ. ಅಂಗಡಿ ಮುಚ್ಚೋ ಹೊತ್ತಲ್ಲಿ ಆ ಸ್ಪೀಕರ್ ತಾನಾಗೇ ಮಾತಾಡೋಕೆ ಶುರುಮಾಡ್ತು.”

“ತಾನಾಗೇ?” ಅಧ್ಯಕ್ಷರು ಎದ್ದು ನಿಂತ್ರು. “ಲಿಂಕ್ ಇದ್ದದ್ದು ಮೇಲಿನ ರೂಮಲ್ಲಿ. ಲೋಕೇಶ್, ನೀನೇ ಸ್ಪೀಕರ್ ಹಾಕ್ಕೊಂಡು ನೋಡಿದ್ದೀಯ. ಕೊಟ್ಟೋಳು ಸಂಗೀತಾ. ಅಲ್ಲಿಗೆ ಸಿನಿಮಾ ಔಟ್.”

ಸಂಗೀತಕ್ಕ ಹೆತ್ತೆಯ ಕೈ ಹಿಡ್ಕೊಂಡಳು. ಲೋಕೇಶಣ್ಣ ಬಾಯಿ ತೆರೆದ, ಮಾತು ಬರಲಿಲ್ಲ. ನಿಜವಾದ ಮೌನ ಅಂದ್ರೆ ಹೇಗಿರುತ್ತೆ ಅಂತ ಆಗ ನನಗೆ ಗೊತ್ತಾಯ್ತು.

ಮಾವ ಅಧ್ಯಕ್ಷರನ್ನ ನೋಡಲಿಲ್ಲ, ನನ್ನನ್ನ ನೋಡಿದ್ರು. “ಒಬ್ಬ ಚಿತ್ರ ಇಲ್ಲದೆ ಸಿನಿಮಾ ಕೇಳಿದ್ದಾನೆ. ಇನ್ನೊಬ್ಬ ಮಾತಿಲ್ಲದೆ ಸಿನಿಮಾ ನೋಡಿದ್ದಾನೆ. ಎರಡೂ ಸೇರಿಸಿದ್ರೆ ಒಂದು ಪೂರ್ತಿ ಸಿನಿಮಾ ಆಗುತ್ತೆ. ನಾನು ಇಷ್ಟೇ ಹೇಳೋದು. ಉಳಿದದ್ದನ್ನ ಹೇಳಬೇಕಾದೋನು ಹೇಳಲಿ.”

ಡೈಲಾಗ್ ಹುಡುಕಿದೆ. ಒಂದೂ ಸಿಗಲಿಲ್ಲ.

“ನಾನು ಸಾರ್” ಅಂದೆ. “ಲೋಕೇಶಣ್ಣ ಸ್ನಾನಕ್ಕೆ ಹೋದಾಗ ಅವನ ಫೋನಿಂದ ಲಿಂಕನ್ನ ನನಗೆ ಕಳಿಸ್ಕೊಂಡೆ. ಬೇಕರಿ ಪಕ್ಕದ ಮಹಡಿ ಮೆಟ್ಟಿಲ ಮೇಲೆ ಕೂತು ನೋಡಿದೆ. ಸೌಂಡ್ ಬರಲಿಲ್ಲ. ಪೂರ್ತಿ ಏರಿಸಿದೆ, ಆದ್ರೂ ಬರಲಿಲ್ಲ. ಪ್ರಶಸ್ತಿ ಸಿನಿಮಾ ಅಲ್ವಾ, ಹೀಗೇ ಇರುತ್ತೆ ಅಂದ್ಕೊಂಡೆ. ಫೋನ್ ಇನ್ನೂ ಈ ಸ್ಪೀಕರಿಗೆ ಕನೆಕ್ಟ್ ಆಗಿತ್ತು.”

ಫೋನ್ ತೆಗೆದು ಒತ್ತಿದೆ. ಕೌಂಟರ್ ಮೇಲಿಂದ ವಿಲನ್ ನಕ್ಕ. ಬೇಕರಿಯಲ್ಲಿ ಬೇರೆ ಯಾರೂ ನಗಲಿಲ್ಲ.

ಬಾಲಸುಬ್ರಮಣಿಯನ್ ಸಾರ್ ಸ್ಪೀಕರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕೋಟಿನ ಗುಂಡಿ ಬಿಚ್ಚಿದ್ರು. “ಇದು ಚಿತ್ರತಂಡದ ತಪ್ಪಲ್ಲ. ಚಾನೆಲ್‌ನವನದೂ ಅಲ್ಲ. ನಾಳೆ ಸಿನಿಮಾ ಇದೆ” ಅಂದ್ರು.

ಹೆತ್ತೆ ಕೋಲೂರಿ ಕೌಂಟರ್ ಹತ್ರ ಹೋದಳು. ಸುಧಾಕರನ್ ತಲೆ ಬಗ್ಗಿಸಿದ. ಬೈಗುಳಕ್ಕೆ ಕಾದಿದ್ದ.

“ನನ್ನದು ಬಿಡು, ನಾನು ಸತ್ತೂ ಬದುಕಿದೆ” ಅಂದಳು. “ಮಗೂಗೆ ಈಗ ಹೇಗಿದೆ?”

ಹೋಗ್ತಾ ಅದೇ ಕೋಲಿಂದ ನನ್ನ ಮಂಡಿಗೆ ಒಂದು ಬಿಟ್ಟಳು. ಲೋಕೇಶಣ್ಣ ಎರಡು ವಾರ ನನ್ನ ಹತ್ರ ಮಾತಾಡಲಿಲ್ಲ.

ಮರುದಿನ ಬಿಳಿ ಮುಂಡಿನಲ್ಲಿ ಹೆತ್ತೆ ಮೊದಲ ಸಾಲಲ್ಲಿ ಕೂತಳು. ಪರದೆ ಮೇಲೆ ತಾನು ಬಂದಾಗ, “ಹಿಂದೆ ಸರಿ, ಗಿಡ ತುಳೀತೀಯ” ಅಂತ ತನಗೇ ಗದರಿಸಿದಳು. ಪಕ್ಕದಲ್ಲಿ ಮಾವ ಕಣ್ಣು ಮುಚ್ಚಿದ್ರು.

ಶುರುವಲ್ಲಿ ನಾನು ಹೇಳಿದ್ದನ್ನ ಸ್ವಲ್ಪ ತಿದ್ದಿಬಿಡ್ತೀನಿ. ಕೇಸ್ ಬಿಡಿಸಿದ್ದು ಮಾವ. ನಾನು ಮಾಡಿದ್ದು ಕೇಸನ್ನ. ನನ್ನ ಭವಿಷ್ಯಾನೂ ಒಂದೂ ನಿಜವಾಗಲಿಲ್ಲ. ಅತ್ಯುತ್ತಮ ಚಿತ್ರ ಕುಂದಾ ಕಡೆಯ ಹುಡುಗರು ತೆಗೆದ ಸಿನಿಮಾಗೆ ಹೋಯ್ತು. ಅದನ್ನ ನೋಡೋದೇ ದಂಡ ಅಂದಿದ್ದೆ. ‘ಎಲೆ ಇಲ್ಲದ ದಿನ’ಕ್ಕೂ ಒಂದು ಪ್ರಶಸ್ತಿ ಬಂತು: ಅತ್ಯುತ್ತಮ ಧ್ವನಿ. ಆ ಪ್ರಶಸ್ತಿಗೆ ನಾನು ಅದರ ಹೆಸರನ್ನೇ ಎತ್ತಿರಲಿಲ್ಲ. ಹೇಗೆ ಎತ್ತಲಿ, ಅದರ ಧ್ವನಿಯೆಲ್ಲಾ ಕೆಳಗೆ ಬೇಕರಿಯಲ್ಲಿತ್ತಲ್ಲ.