ಹೊಗೆ ಬಂದ ದಾರಿ

ರಾಫೆಲ್‌ನ ಮೈಮೇಲೆ ಒಂದೇ ಒಂದು ಸುಟ್ಟ ಗಾಯವೂ ಇರಲಿಲ್ಲ.

ಸುರಂಗದ ಕೊನೆಯಲ್ಲಿ, ಹೊರಗಿನ ಗಾಳಿಯನ್ನು ಒಳಗೆ ತರುವ ತಗಡಿನ ಕೊಳವೆಯ ಬಾಯಿಗೆ ಮುಖವಿಟ್ಟು ಅವನು ಮಲಗಿದ್ದ. ಎರಡೂ ಕೈಗಳು ಕೊಳವೆಯ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ಹೊಗೆ ಇಳಿದ ಮೇಲೆ ಒಳಗೆ ಹೋದವರು ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಅದು ೧೯೬೬ರ ಬೇಸಗೆ. ಮಂಗಳೂರಿನ ಹೊರವಲಯದ ಕೆಂಪು ಮುರಕಲ್ಲಿನ ಗುಡ್ಡವೊಂದರಲ್ಲಿ ಹೊಸ ರೈಲುದಾರಿಗೆಂದು ಸುರಂಗ ಕೊರೆಯುತ್ತಿದ್ದರು. ಆಚೆ ಬದಿ ಇನ್ನೂ ತೆರೆದಿರಲಿಲ್ಲ. ಹೋಗಲು, ಬರಲು ಒಂದೇ ಬಾಯಿ. ಮಧ್ಯಾಹ್ನ ಆಳುಗಳು ಊಟಕ್ಕೆ ಹೊರಗೆ ಬಂದಾಗ ಸೂಪರ್‌ವೈಸರ್ ರಾಫೆಲ್ ಮಾತ್ರ ಮೇಲಿನ ಬಿರುಕೊಂದನ್ನು ನೋಡಲು ಒಳಗೆ ಉಳಿದಿದ್ದ. ಆಗಲೇ ಸುರಂಗದ ನಡುವೆ ಬೆಂಕಿ ಎದ್ದದ್ದು. ಆಸರೆಗೆ ಕೊಟ್ಟ ಮರದ ಕಂಬಗಳು, ಗೋಣಿಚೀಲ, ಡೀಸೆಲ್ ಡಬ್ಬಗಳು — ಹೊತ್ತಲು ಬೇಕಾದುದೆಲ್ಲ ಅಲ್ಲಿತ್ತು.

ಇನ್‌ಸ್ಪೆಕ್ಟರ್ ಸಿಪ್ರಿಯನ್ ಮರುದಿನ ಬೆಳಿಗ್ಗೆ ಕಾನ್‌ಸ್ಟೇಬಲ್ ಚೆನ್ನಪ್ಪನೊಂದಿಗೆ ಅಲ್ಲಿಗೆ ಬಂದಾಗ ಆರೋಪಿ ಆಗಲೇ ಲಾಕಪ್ಪಿನಲ್ಲಿದ್ದ.

“ಅಬ್ದುಲ್ಲನದ್ದೇ ಕೆಲಸ ಸರ್,” ಎಂದ ಮೊರಿಸ್. ಅವನು ಅಲ್ಲಿನ ಓವರ್‌ಸಿಯರ್. ರಾಫೆಲ್‌ನ ಹೆಂಡತಿ ನೆಲ್ಲಿಯ ಅಣ್ಣ. ಕಣ್ಣು ಅತ್ತು ಕೆಂಪಾಗಿತ್ತು. “ಬಂದರಿನಿಂದ ಡೀಸೆಲ್ ತರುವ ಲಾರಿಯವನು. ನಿನ್ನೆ ಬೆಳಿಗ್ಗೆ ಭಾವನ ಹತ್ತಿರ ದೊಡ್ಡ ಜಗಳ ಆಗಿತ್ತು.”

“ಎಂತಕ್ಕೆ?”

“ಡಬ್ಬಗಳನ್ನು ಸುರಂಗದ ಒಳಗೆ ಇಟ್ಟಿದ್ದ. ಭಾವ ಬೈದ್ರು. ‘ನಿಮ್ಮನ್ನು ನೋಡಿಕೊಳ್ತೇನೆ’ ಅಂತ ಇವನು ಎಲ್ಲರ ಎದುರೇ ಹೇಳಿದ. ಬೆಂಕಿ ಬೀಳುವಾಗ ಒಳಗಿನಿಂದ ಓಡಿ ಬಂದದ್ದೂ ಇವನೇ. ಕೈ ನೋಡಿ ಬೇಕಾದ್ರೆ, ಸುಟ್ಟುಹೋಗಿದೆ.”

ಸಿಪ್ರಿಯನ್ ಠಾಣೆಯಲ್ಲಿ ಆ ಕೈಗಳನ್ನು ನೋಡಿಯೇ ಬಂದಿದ್ದರು. ಎರಡೂ ಅಂಗೈಗಳಿಗೆ ಬಟ್ಟೆ ಸುತ್ತಿತ್ತು.

“ನಾನು ಹಾಗೆ ಹೇಳಿದ್ದು ಹೌದು ಸಾಯ್ಬ್ರೆ,” ಎಂದಿದ್ದ ಅಬ್ದುಲ್ಲ. “ಸಿಟ್ಟು ಬಂದಿತ್ತು. ಆಮೇಲೆ ಯೋಚನೆ ಮಾಡಿದೆ, ರಾಫೆಲ್ ಪೊರ್ಬುಗಳು ಹೇಳಿದ್ದು ಸರಿ ಅಲ್ಲವಾ? ಡಬ್ಬ ಹೊರಗೆ ತರುವ ಅಂತ ಊಟದ ಹೊತ್ತಿಗೆ ಒಳಗೆ ಹೋದೆ. ಮೇಲೆ ಕರೆಂಟಿನ ವಯರಿನಿಂದ ಕಿಡಿ ಬಿತ್ತು. ಗೋಣಿ ಹೊತ್ತಿಕೊಂಡಿತು.”

“ನೀನು ಎಂತ ಮಾಡಿದೆ?”

“ಉರಿಯುವ ಗೋಣಿಯನ್ನು ಎಳೆದು ಹಾಕ್ಲಿಕ್ಕೆ ನೋಡಿದೆ. ಆಗಲಿಲ್ಲ. ಪೊರ್ಬುಗಳು ಆಚೆ ಇದ್ದರು. ಕೂಗಿದೆ. ಅವರೂ ಕೂಗಿದ್ರು — ‘ನೀನು ಓಡು ಅಬ್ದುಲ್ಲ, ನನಗೆ ಕೊಳವೆ ಉಂಟು’ ಅಂತ.”

ನನಗೆ ಕೊಳವೆ ಉಂಟು. ಈ ಮಾತು ಸಿಪ್ರಿಯನ್‌ರ ತಲೆಯಿಂದ ಹೋಗಿರಲಿಲ್ಲ.

ಅದರ ಅರ್ಥವನ್ನು ಆಳುಗಳು ಹೇಳಿದರು. ರಾಫೆಲ್ ಎಲ್ಲರಿಗೂ ಮತ್ತೆ ಮತ್ತೆ ಕಲಿಸಿದ ಪಾಠವಂತೆ ಅದು. ಬೆಂಕಿ ದಾರಿ ಕಟ್ಟಿದರೆ ಹೊಗೆಯೊಳಗೆ ನುಗ್ಗಬೇಡಿ. ಹಿಂದೆ ಹೋಗಿ ಕೊಳವೆಯ ಬಾಯಿಗೆ ಮೂಗು ಕೊಟ್ಟು ಮಲಗಿ. ಹೊರಗೆ ಗಾಳಿ ತಳ್ಳುವ ಯಂತ್ರ, ಬ್ಲೋವರ್, ತಿರುಗುತ್ತಿರುವಷ್ಟು ಹೊತ್ತು ಒಳ್ಳೆಯ ಗಾಳಿ ಬರುತ್ತಲೇ ಇರುತ್ತದೆ.

“ನಿನ್ನೆ ಬ್ಲೋವರ್ ನಿಂತಿತ್ತಾ?” ಸಿಪ್ರಿಯನ್ ಕೇಳಿದರು.

“ಇಲ್ಲ ಸರ್,” ಎಂದ ಮೊರಿಸ್. “ಕೊನೆಗೆ ಕರೆಂಟು ತೆಗೆಯುವವರೆಗೂ ತಿರುಗ್ತಾ ಇತ್ತು.”

“ಹಾಗಾದರೆ ಅವನು ಸತ್ತದ್ದು ಹೇಗೆ?”

ಸಿಪ್ರಿಯನ್ ಟಾರ್ಚ್ ಹಿಡಿದು ಒಳಗೆ ನಡೆದರು.

ಸುರಂಗದೊಳಗೆ ಅಬ್ದುಲ್ಲನ ಮಾತಿಗೆ ಸಾಕ್ಷಿ ಸಿಕ್ಕಿತು. ವಯರಿನ ಜೋಡಣೆಯೊಂದು ಕರಗಿ ತಾಮ್ರ ಮುದ್ದೆಯಾಗಿತ್ತು; ಸರಿಯಾಗಿ ಅದರ ಕೆಳಗೇ ಬೆಂಕಿಯ ಮೊದಲ ಗುರುತು. ಬೆಂಕಿ ಯಾರೂ ಹಚ್ಚಿದ್ದಲ್ಲ. ಆದರೆ ಸಾವು?

ಗುಡ್ಡದ ಬುಡದಲ್ಲೇ ರಾಫೆಲ್‌ನ ಕ್ವಾರ್ಟರ್ಸ್. ನೆಲ್ಲಿ ಬಾಣಂತಿ. ಬಿಡದ ಜ್ವರ ಬೇರೆ. ಮಗುವನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿದ್ದಳು.

“ಹೆಚ್ಚು ಕೇಳುವುದಿಲ್ಲಮ್ಮ. ನಿನ್ನೆ ಮಧ್ಯಾಹ್ನ ಕೂಗು, ಗಲಾಟೆ ಎಂತಾದರೂ ಕೇಳಿತಾ?”

“ಎಂತದೂ ಇಲ್ಲ. ನಾನು ನಿದ್ದೆ ಮಾಡಿದ್ದೆ.” ಅವಳು ಮಗುವಿನ ಹೊದಿಕೆ ಸರಿಪಡಿಸಿದಳು. “ಹೆರಿಗೆ ಆದ ಮೇಲೆ ನಿನ್ನೆಯೇ ಸರಿಯಾಗಿ ನಿದ್ದೆ ಬಂದದ್ದು. ಅವರು ಅಲ್ಲಿ ಉಸಿರಿಗೆ ಒದ್ದಾಡುವಾಗ ನಾನು ಇಲ್ಲಿ ನಿದ್ದೆ ಮಾಡ್ತಾ ಇದ್ದೆ, ನೋಡಿ.”

ಅಷ್ಟರಲ್ಲಿ ಹೊರಗೆ ಬ್ಲೋವರ್ ಚಾಲೂ ಆಯಿತು. ಉಳಿದ ಹೊಗೆ ತೆಗೆಯಲು ಯಾರೋ ಹಾಕಿದ್ದರು. ಊಳಿಡುವ ಸದ್ದಿಗೆ ಕಪಾಟಿನ ಗ್ಲಾಸುಗಳು ಅದುರಿದವು. ಮಗು ಬೆಚ್ಚಿ ಅಳತೊಡಗಿತು. ನೆಲ್ಲಿ ಇನ್ನೇನೋ ಹೇಳಿದಳು. ಸಿಪ್ರಿಯನ್‌ರಿಗೆ ಕೇಳಿಸಲೇ ಇಲ್ಲ.

ಈ ಸದ್ದಿನಲ್ಲಿ ಜ್ವರದವಳಿಗೆ ನಿದ್ದೆ?

ಅವರು ಸರಸರನೆ ಹೊರಗೆ ಬಂದರು. “ಚೆನ್ನಪ್ಪ, ಅದನ್ನು ನಿಲ್ಲಿಸ್ಲಿಕ್ಕೆ ಹೇಳು. ಆ ಕೊಳವೆ ಬಿಚ್ಚಬೇಕು.”

ಬ್ಲೋವರ್ ಇದ್ದದ್ದು ಬಯಲಿನಲ್ಲಿ, ಕ್ವಾರ್ಟರ್ಸಿನ ಎದುರಿಗೇ, ಗಾಲಿಗಳ ಮೇಲೆ. ಅಲ್ಲಿಂದ ಸುರಂಗದ ಬಾಯಿಯವರೆಗೆ ಕೆಲವು ಕೊಳವೆ ತುಂಡುಗಳು. ಮುಂದೆ ಒಳಗೆಲ್ಲ ಅದೇ ಕೊಳವೆ. ಚೆನ್ನಪ್ಪ ಮೊದಲು ಒಳಗಿನ ತುಂಡೊಂದನ್ನು ಬಿಚ್ಚಿದ. ಸಿಪ್ರಿಯನ್ ಕೈಹಾಕಿ ತೆಗೆದರು. ಬೆರಳುಗಳಿಗೆ ಎಣ್ಣೆ ಬೆರೆತ ಕಪ್ಪು ಮಸಿ. ಬ್ಲೋವರಿನ ರೆಕ್ಕೆಗಳಿಗೂ ಅದೇ ಮಸಿ ಹಿಡಿದಿತ್ತು.

“ಈಗ ನಡುವಿನದು.”

ಬ್ಲೋವರಿಗೂ ಸುರಂಗದ ಬಾಯಿಗೂ ನಡುವಿನ ತುಂಡುಗಳಲ್ಲಿ ಬರೀ ಕೆಂಪು ಧೂಳಿತ್ತು.

ಸಿಪ್ರಿಯನ್ ಬೆರಳಿನ ಮಸಿಯನ್ನು ಕರವಸ್ತ್ರಕ್ಕೆ ಒರೆಸಿಕೊಂಡರು. ಬಳಿಕ ಬ್ಲೋವರ್ ನೋಡಿಕೊಳ್ಳುವ ಮಾಯಿಲಪ್ಪನನ್ನೂ ಮೊರಿಸನನ್ನೂ ಕರೆದರು.

“ನಾವೆಲ್ಲ ಬೆಂಕಿ ಹಚ್ಚಿದ್ದು ಯಾರು ಅಂತ ಹುಡುಕಿದೆವು. ಆದರೆ ರಾಫೆಲ್‌ನನ್ನು ಕೊಂದದ್ದು ಬೆಂಕಿ ಅಲ್ಲ, ಹೊಗೆ. ಆ ಹೊಗೆ ಅವನಿಗೆ ಬಂದದ್ದು ಈ ಕೊಳವೆಯಿಂದಲೇ.”

“ಬ್ಲೋವರ್ ಹೊರಗಿತ್ತಲ್ಲ ಸರ್…” ಮೊರಿಸನ ದನಿ ಕ್ಷೀಣವಾಗಿತ್ತು.

“ಹೊರಗಿದ್ದು ಹೊಗೆ ಎಳೆದಿದ್ದರೆ ಅದು ಈ ನಡುವಿನ ತುಂಡುಗಳನ್ನು ದಾಟಿಯೇ ಹೋಗಬೇಕು, ಇವಕ್ಕೂ ಮಸಿ ಹಿಡಿಯಬೇಕಿತ್ತು. ಆ ಕಡೆ ಮಸಿ, ಈ ಕಡೆ ಮಸಿ, ನಡುವೆ ಮಾತ್ರ ಇಲ್ಲ. ಯಾಕೆ? ನಿನ್ನೆ ಈ ತುಂಡುಗಳನ್ನು ತೆಗೆದಿಟ್ಟಿದ್ದರು. ಬ್ಲೋವರನ್ನು ಸುರಂಗದ ಬಾಯಿಯೊಳಗೆ ತಳ್ಳಿ ನೇರವಾಗಿ ಜೋಡಿಸಿದ್ದರು. ಹೊರಗೆ ಹೋಗಬೇಕಾದ ಹೊಗೆಯನ್ನು ಅದು ಬಾಯಿಯಲ್ಲೇ ಎಳೆದುಕೊಂಡಿತು. ಎಳೆದು, ವಾಪಸ್ ಅವನ ಮುಖಕ್ಕೇ ತಳ್ಳಿತು. ಹೌದಾ ಮಾಯಿಲಪ್ಪ?”

ಮಾಯಿಲಪ್ಪ ಕೈ ಮುಗಿದ. “ದಣಿಗಳು ಹೇಳಿದ್ರು… ಸಂಜೆವರೆಗೆ ಒಳಗಿಡು ಅಂತ. ಹೊಗೆ ಬರುವಾಗ ಅದರ ಹತ್ತಿರ ಹೋಗ್ಲಿಕ್ಕೆ ಆಗಲಿಲ್ಲ.”

“ಯಾವ ದಣಿ?”

ಅವನು ಹೆಗಲ ಬಟ್ಟೆಯಿಂದ ಮುಖ ಒರೆಸಿಕೊಂಡ.

“ನಾನೇ ಹೇಳ್ತೇನೆ,” ಎಂದರು ಸಿಪ್ರಿಯನ್. “ಬ್ಲೋವರ್ ಒಳಗೆ ಹೋದರೆ ಸದ್ದು ಗುಡ್ಡದೊಳಗೆ ಉಳಿಯುತ್ತದೆ. ನಿನ್ನೆ ಮಧ್ಯಾಹ್ನ ನೆಲ್ಲಿ ನಿದ್ದೆ ಮಾಡಿದ್ದಾಳೆ. ಅವಳು ನಿದ್ದೆ ಮಾಡಲಿ ಅಂತ ಆಸೆಪಡುವವರು ಇಲ್ಲಿ ಇಬ್ಬರೇ. ಗಂಡ, ಅಣ್ಣ. ಬ್ಲೋವರ್ ಒಳಗೆ ಬಂದದ್ದು ಗಂಡನಿಗೆ ಗೊತ್ತಿದ್ದರೆ ಅವನು ಆ ಕೊಳವೆಯನ್ನು ನಂಬ್ತಿರಲಿಲ್ಲ ಮೊರಿಸ್. ಸಾಯುವವರೆಗೆ ಅದನ್ನು ಹಿಡಿದುಕೊಂಡಿರ್ತಿರಲಿಲ್ಲ.”

ಮೊರಿಸ್ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

“ಬ್ಲೋವರ್ ಒಳಗಿಡುವ ಅಂತ ಭಾವನಿಗೆ ಮೊದಲೇ ಹೇಳಿದ್ದೆ ಸರ್. ಬೇಡವೇ ಬೇಡ ಅಂದ್ರು. ಅವಳು ಬಾಣಂತಿ, ರಾತ್ರಿ ಹಗಲು ಕಣ್ಣು ಮುಚ್ಚುವುದಿಲ್ಲ… ಅವರು ಒಳಗೆ ಹೋದ ಮೇಲೆ ಸಂಜೆವರೆಗೆ ಇರಲಿ ಅಂತ ತಳ್ಳಿಸಿದೆ. ಬೆಂಕಿ ಬೀಳ್ತದೆ ಅಂತ ಯಾರು ಯೋಚನೆ ಮಾಡ್ತಾರೆ?”

“ರಾಫೆಲ್ ಮಾಡಿದ್ದ. ಅದಕ್ಕೇ ಬೇಡ ಅಂದದ್ದು.” ಸಿಪ್ರಿಯನ್‌ರ ದನಿ ಏರಲಿಲ್ಲ. “ಅದು ನಿನ್ನ ತಪ್ಪು ತಿಳಿವಳಿಕೆ ಅಂತ ಇಟ್ಟುಕೊಳ್ಳುವ. ಹೆಣ ತೆಗೆದ ಮೇಲೆ ಬ್ಲೋವರನ್ನು ವಾಪಸ್ ಹೊರಗೆ ತಂದು ಜೋಡಿಸಿದೆಯಲ್ಲ, ಅದು? ಅಬ್ದುಲ್ಲನ ಹೆಸರು ಹೇಳಿದೆಯಲ್ಲ, ಅದು ಎಂತ ಮಾರಾಯ?”

“ಹೆದರಿಕೆ ಸರ್. ಪೊಲೀಸರ ಹೆದರಿಕೆ ಅಲ್ಲ… ಅವಳಿಗೆ ಗೊತ್ತಾದರೆ?”

“ಗೊತ್ತಾಗಲೇಬೇಕು. ಕೋರ್ಟಿನಲ್ಲಿ ಕೇಳುವುದಕ್ಕಿಂತ ನಿನ್ನ ಬಾಯಿಂದ ಕೇಳಲಿ. ಹೋಗು.”

ಮೊರಿಸ್ ಒಳಗೆ ಹೋದ. ಸಿಪ್ರಿಯನ್ ಅಂಗಳದಲ್ಲಿ ಟೊಪ್ಪಿ ತೆಗೆದು ನಿಂತರು. ಕೂಗು ಕೇಳಬಹುದೆಂದುಕೊಂಡಿದ್ದರು. ಕೇಳಲಿಲ್ಲ. ಮೊರಿಸನ ಅಳು ಮಾತ್ರ ಕೇಳಿಸಿತು. ತುಸು ಹೊತ್ತಿನ ಮೇಲೆ ನೆಲ್ಲಿಯ ದನಿ:

“ನನಗಾಗಿ ಮಾಡಿದೆ ಅಂತ ಮಾತ್ರ ಹೇಳಬೇಡ ಅಣ್ಣ. ನಾನು ಕೇಳಿರಲಿಲ್ಲ.”

ಅವಳು ಬಾಗಿಲಿಗೆ ಬಂದಳು. ಮುಖ ಬೂದಿಯ ಹಾಗಿತ್ತು.

“ಆ ಅಬ್ದುಲ್ಲನನ್ನು ಬಿಡ್ತೀರಾ ಸರ್?”

“ಈಗಲೇ.”

“ಸಂಜೆ ಇಗರ್ಜಿಯಲ್ಲಿ ಇವರನ್ನು ಮಣ್ಣು ಮಾಡುವುದು. ಅವನಿಗೆ ಬರ್ಲಿಕ್ಕೆ ಹೇಳಿ. ಇವರ ಕೊನೆಯ ಮಾತು ಕೇಳಿದವನು ಅವನೇ ಅಲ್ಲವಾ?”

ಅಬ್ದುಲ್ಲ ಬಂದ. ಠಾಣೆಯ ಜಗಲಿಯಲ್ಲಿ ಹಗಲಿಡೀ ಕಾದಿದ್ದ ಹೆಂಡತಿ ಝುಬೈದಾಳನ್ನು ಮನೆಗೆ ಕಳುಹಿಸಿ, ಚೆನ್ನಪ್ಪನ ಜೊತೆ ನಡೆದುಕೊಂಡೇ ಬಂದ. ಸಮಾಧಿಯ ಸುತ್ತ ನಿಂತವರು ಗುಸುಗುಸು ಮಾತಾಡಿಕೊಂಡರು. ಅವನು ಗೋಡೆಯ ಪಕ್ಕದಲ್ಲೇ ನಿಂತುಬಿಟ್ಟ. ನೆಲ್ಲಿ ಅವನನ್ನು ಕಂಡು ಹತ್ತಿರ ಕರೆದಳು.

ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುತ್ತಿದ್ದರು. ಅಬ್ದುಲ್ಲನೂ ಬಗ್ಗಿದ. ಬಟ್ಟೆ ಸುತ್ತಿದ ಬೆರಳುಗಳು ಮಡಚಲಿಲ್ಲ. ಮಣ್ಣು ಜಾರಿ ಹೋಯಿತು. ಮತ್ತೊಮ್ಮೆ ನೋಡಿದ, ಆಗಲಿಲ್ಲ.

ನೆಲ್ಲಿ ಒಂದು ಹಿಡಿ ಕೆಂಪು ಮಣ್ಣೆತ್ತಿ ಅವನ ಅಂಗೈಗಳ ಮೇಲೆ ಇಟ್ಟಳು.